ಲಂಗೋಟಿಯೋ ಡೈಪರೋ? ಹಗ್ಗವನ್ನು ಕೇಳಿ

ಮಗುವಿಗೆ ಏನು ಕಟ್ಟಬೇಕು ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಮೂರು ಪಕ್ಷಗಳಿವೆ. ವಿಜಯಪುರದಲ್ಲಿರುವ ಅವ್ವನದು ಲಂಗೋಟಿ ಪಕ್ಷ. ಬೆಳಗಾವಿಯಲ್ಲಿ ನನ್ನ ಗಂಡನದು ಹಾಕಿ ಎಸೆಯುವ ಡೈಪರ್ ಪಕ್ಷ. ತೊಳೆದು ಮತ್ತೆ ಬಳಸುವ, ಗುಂಡಿ ಇರುವ ಬಟ್ಟೆ ಡೈಪರನ್ನು ತರಿಸಿ ಮೂರನೆಯ ಪಕ್ಷ ಕಟ್ಟಿದವಳು ನಾನು. ಮೂರನ್ನೂ ಒಂದೇ ಮಗುವಿಗೆ, ಎರಡೂ ಊರುಗಳಲ್ಲಿ, ಬೇಸಿಗೆಯಲ್ಲೂ ಮಳೆಗಾಲದಲ್ಲೂ ಬಳಸಿ ನೋಡಿದ್ದೇನೆ. ಬೆಲೆ, ಕಂಪನಿ ಎಲ್ಲಾ ಆಮೇಲೆ. ಮೊದಲು ನೋಡಬೇಕಾದದ್ದು ನಿಮ್ಮ ಮನೆಯಲ್ಲಿ ಬಟ್ಟೆ ಎಷ್ಟು ಬೇಗ ಒಣಗುತ್ತದೆ ಎಂಬುದನ್ನು.

ಬಾಣಂತನ ತವರಿನಲ್ಲಿ, ಬಿರುಬೇಸಿಗೆಯಲ್ಲಿ ಆಯಿತು. ಅವ್ವ ಹಳೆಯ ಹತ್ತಿ ಸೀರೆ, ಧೋತರಗಳನ್ನು ಹರಿದು ಲಂಗೋಟಿ ಹೊಲಿದಿಟ್ಟಿದ್ದಳು; ತೊಟ್ಟಿಲಿಗೆ ಕೌದಿ. ವಿಜಯಪುರದ 40 ಡಿಗ್ರಿ ದಾಟುವ ಬಿಸಿಲಿಗೆ ಮಾಳಿಗೆಯ ಮೇಲೆ ಹರವಿದ ಲಂಗೋಟಿ, ಬಕೆಟ್ಟಿನಲ್ಲಿ ಉಳಿದವನ್ನು ಹಿಂಡಿ ಮುಗಿಸುವಷ್ಟರಲ್ಲಿ ಒಣಗಿರುತ್ತಿತ್ತು. ಆದರೆ ಬೋರ್‌ವೆಲ್ ನೀರು ಗಡಸು. ಸಾಬೂನು ಪೂರ್ತಿ ಬಿಡದೆ ಬಟ್ಟೆ ಹಪ್ಪಳದಂತೆ ಸೆಟೆದು ನಿಲ್ಲುತ್ತಿತ್ತು. ಅಂಗೈಗಳ ನಡುವೆ ಉಜ್ಜಿ ಮೆತ್ತಗೆ ಮಾಡಿಯೇ ಕಟ್ಟಬೇಕು. ಮಗು ಒದ್ದೆಯಾದದ್ದು ಆ ಕ್ಷಣವೇ ತಿಳಿಯುವುದರಿಂದ ಬದಲಾಯಿಸುವುದು ತಡವಾಗುತ್ತಿರಲಿಲ್ಲ, ತೊಡೆಸಂದು ಕೆಂಪಾಗಲಿಲ್ಲ. ಎತ್ತಿಕೊಂಡವರ ಸೀರೆಗೂ ಹಾಸಿಗೆಗೂ ಅದೇ ಕ್ಷಣ ತಿಳಿಯುತ್ತಿತ್ತು ಎಂಬುದು ಬೇರೆ ಮಾತು. ಲಂಗೋಟಿಯ ಗುಣಗಾನ ಮಾಡುವವರಲ್ಲಿ ರಾತ್ರಿ ಪೂರ್ತಿ ನಿದ್ದೆ ಮಾಡಿದವರೇ ಹೆಚ್ಚು.

ಹಾಕಿ ಎಸೆಯುವ ಡೈಪರಿಗೆ ನನ್ನ ಮನೆಯಲ್ಲಿ ಎರಡೇ ಕೆಲಸ: ರಾತ್ರಿ ಮತ್ತು ಬಸ್ಸು. ಬೆಳಗಾವಿಯಿಂದ ವಿಜಯಪುರಕ್ಕೆ ಸುಮಾರು 200 ಕಿಲೋಮೀಟರ್. ಮುಧೋಳ, ಜಮಖಂಡಿ ದಾಟಿ ಕೃಷ್ಣಾ ನದಿ ಬರುವ ಹೊತ್ತಿಗೆ ಮಡಿಲಲ್ಲಿ ಮಗು, ಕಾಲಬಳಿ ಚೀಲ, ಪಕ್ಕದಲ್ಲಿ ಅಪರಿಚಿತರು. ಅಲ್ಲಿ ತತ್ವ ನಡೆಯುವುದಿಲ್ಲ. ಒಳಗಿನ ಪುಡಿ ಮೂತ್ರ ಹೀರಿ ಜೆಲ್ ಆಗುವುದರಿಂದ ಮೇಲ್ಮೈ ಒಣಗಿದಂತೆಯೇ ಇರುತ್ತದೆ. ಅದೇ ಅದರ ಅಪಾಯವೂ ಹೌದು: ಒಣಗಿದೆ ಎಂದುಕೊಂಡು ಗಂಟೆಗಟ್ಟಲೆ ಬಿಟ್ಟರೆ ಚರ್ಮ ಕೆಂಪಾಗುತ್ತದೆ. ಬಿಚ್ಚಿದ್ದನ್ನು ಕಾಗದದಲ್ಲಿ ಬಿಗಿಯಾಗಿ ಸುತ್ತಿ ಕಸಕ್ಕೆ ಕೊಡಿ. ಶೌಚಾಲಯಕ್ಕೆ ಹಾಕಿದರೆ ಉಬ್ಬಿ ಪೈಪ್ ಕಟ್ಟುತ್ತದೆ.

ಬಟ್ಟೆ ಡೈಪರಿನಲ್ಲಿ ಎರಡು ಭಾಗ: ನೀರು ಸೋರದ ಹೊರ ಹೊದಿಕೆ, ಒಳಗೆ ಹೀರುವ ದಪ್ಪ ಪ್ಯಾಡ್. ವಿಜಯಪುರದ ಬಿಸಿಲಿನಲ್ಲಿ ಇದರದೇನೂ ತಕರಾರಿಲ್ಲ. ಬೆಳಗಾವಿಯ ಜುಲೈ ತಿಂಗಳಿನಲ್ಲಿ ಅದರ ಬಣ್ಣ ಬಯಲಾಗುತ್ತದೆ. ಇಲ್ಲಿ ಮಳೆ ಹಿಡಿದರೆ ಸೂರ್ಯನ ಮುಖ ಕಾಣುವುದು ಅಪರೂಪ. ಪದರದ ಮೇಲೆ ಪದರ ಹೊಲಿದ ಆ ಪ್ಯಾಡು ಮರುದಿನವೂ ನಡುವಿನಲ್ಲಿ ತೇವವಾಗಿಯೇ ಇದ್ದು, ಮೂಗಿನ ಹತ್ತಿರ ಹಿಡಿದರೆ ಮುಗ್ಗಲು ವಾಸನೆ. ಇನ್ನೊಂದು ತೊಡಕು ಎಣ್ಣೆ. ಮಗುವಿಗೆ ಕೊಬ್ಬರಿ ಎಣ್ಣೆ ತಿಕ್ಕದೆ ನಮ್ಮ ಕಡೆ ಸ್ನಾನ ಮಾಡಿಸುವುದುಂಟೇ? ಆ ಜಿಡ್ಡು ಪ್ಯಾಡಿಗೆ ಹತ್ತಿದರೆ ಅದು ಹೀರುವುದನ್ನೇ ಮರೆಯುತ್ತದೆ. ಬಟ್ಟೆ ಮೆತ್ತಗಾಗಲೆಂದು ಹಾಕುವ ದ್ರಾವಣದಿಂದಲೂ ಇದೇ ಗತಿ.

ಅದೇ ಮಳೆಯಲ್ಲಿ ಅವ್ವನ ಲಂಗೋಟಿ, ಬಿಡಿಸಿದರೆ ಒಂದೇ ಪದರ, ಫ್ಯಾನಿನ ಕೆಳಗೆ ಬೆಳಗಾಗುವಷ್ಟರಲ್ಲಿ ಒಣಗುತ್ತಿತ್ತು. ಹೀಗಾಗಿ ಈಗ ಹಗಲಿಗೆ ಎರಡನ್ನೂ ಕೂಡಿಸಿದ್ದೇನೆ: ಬಟ್ಟೆ ಡೈಪರಿನ ಹೊದಿಕೆಯೊಳಗೆ ಪ್ಯಾಡಿನ ಬದಲು ಮಡಿಸಿದ ಲಂಗೋಟಿ. ಸೀರೆಯೂ ಉಳಿಯಿತು, ಹಾಸಿಗೆಯೂ ಉಳಿಯಿತು. ಹೊದಿಕೆ ಮುಚ್ಚಿರುವುದರಿಂದ ಒದ್ದೆಯಾದದ್ದು ಹೊರಗಿನಿಂದ ಕಾಣುವುದಿಲ್ಲ, ಎರಡು ಗಂಟೆಗೊಮ್ಮೆಯಾದರೂ ಬೆರಳು ಹಾಕಿ ನೋಡಬೇಕು. ಅವ್ವ ಇದನ್ನು ತನ್ನ ಪಕ್ಷದ ಗೆಲುವು ಎಂದೇ ಲೆಕ್ಕ ಹಾಕಿದ್ದಾಳೆ.

ಮಲೆನಾಡಿನ ಸೆರಗಿನ ಊರುಗಳವರು ಜೂನ್‌ಗೆ ಮುಂಚೆ ಕೊಳ್ಳುವುದಾದರೆ ಹೊದಿಕೆಗಳನ್ನಷ್ಟೇ ಕೊಂಡರೆ ಸಾಕು, ಅವು ಬಿಡಿಯಾಗಿಯೂ ಸಿಗುತ್ತವೆ. ಒಣಗದೆ ಉಳಿದ ಲಂಗೋಟಿಗೆ ಇಸ್ತ್ರಿ ಹಾಕಬಹುದು. ಹೊದಿಕೆಗೆ ಮಾತ್ರ ತಾಗಿಸಬೇಡಿ, ಅದರ ಪ್ಲಾಸ್ಟಿಕ್ ಪದರ ಕರಗುತ್ತದೆ.