ಗೋಣಿಕೊಪ್ಪ ಕಡೆ "ಸಫಾರಿ ಕಿಟ್" ಅಂತ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ನೋಡ್ತಾ ಇರೋರು ದಯವಿಟ್ಟು ಇದನ್ನ ಓದಿ

ನಿನ್ನೆ ರಾತ್ರಿ ಊಟ ಆದ್ಮೇಲೆ ಮೊಬೈಲ್ ನೋಡ್ತಾ ಇದ್ದೆ, ನಾನು ತಗೊಂಡು ಮೋಸ ಹೋದ ಅದೇ ಲೆನ್ಸ್ ಮತ್ತೆ ಮಾರಾಟಕ್ಕೆ ಬಂದಿದೆ. ಅದೇ ನೀಲಿ ಟವೆಲ್ ಮೇಲೆ ಇಟ್ಟು ತೆಗೆದ ಫೋಟೋ, ಝೂಮ್ ರಿಂಗ್ ಪಕ್ಕ ಅದೇ ಉಗುರಿನಷ್ಟು ಉದ್ದದ ಗೀರು. ಆ ಗೀರು ನಂಗೆ ಚೆನ್ನಾಗಿ ಗೊತ್ತು, ಹದಿನೇಳು ದಿನ ಆ ಲೆನ್ಸ್ ನನ್ನ ಮನೇಲಿತ್ತು. ಕೆಳಗೆ ಮಾರೋನು ಬರೆದಿದ್ದಾನೆ, "ನಾಗರಹೊಳೆ ಸಫಾರಿಗೆ ಬೆಸ್ಟ್, ಹೊಸದಾಗಿ ಕಲಿಯೋರಿಗೆ ಹೇಳಿ ಮಾಡಿಸಿದ ಕಿಟ್". ನಂಗೂ ಇದೇ ಮಾತು ಹೇಳಿದ್ದು, ಒಂದಕ್ಷರ ಬದಲಾಗಿಲ್ಲ. ಆ ಲೆನ್ಸನ್ನ ಅವನ ಕೈಗೆ ವಾಪಸ್ ಕೊಟ್ಟಿದ್ದು ನಾನೇ, ಅದಕ್ಕೇ ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ. ಹೆಸರು ನಂಬರ್ ಹಾಕ್ತಾ ಇಲ್ಲ, ಊರೊಳಗೆ ಜಗಳ ಬೇಡ ಅಂತ ಮನೇಲಿ ಹೇಳಿದ್ದಾರೆ. ಆದ್ರೆ ಏನಾಯ್ತು ಅನ್ನೋದನ್ನ ಪೂರ್ತಿ ಬರೀತೀನಿ.

ನಾನು ಅಮ್ಮತ್ತಿ ಹತ್ರ ಒಂದು ತೋಟದಲ್ಲಿ ರೈಟರ್. ಕಾಫಿ ಕುಯ್ಲಿನ ಟೈಮಲ್ಲಿ ದಿನಾ ಸಂಜೆ ಹಣ್ಣು ತೂಕ ಹಾಕಿ ಬರ್ಕೊಳ್ಳೋದು ನನ್ನ ಕೆಲಸ, ಒಂದು ಚೀಲದಲ್ಲಿ ಎರಡು ಕೆಜಿ ಹೆಚ್ಚು ಕಮ್ಮಿ ಆದ್ರೂ ಕೈಗೇ ಗೊತ್ತಾಗುತ್ತೆ. ಅಂಥ ನಾನು ಇಪ್ಪತ್ತೇಳೂವರೆ ಸಾವಿರ ಎಣಿಸಿ ಕೊಟ್ಟು ಮೋಸ ಹೋದೆ ಅಂತ ಬರೆಯೋಕೆ ನಾಚಿಕೆ ಆಗ್ತಾ ಇದೆ. ಆ ದುಡ್ಡು ಎರಡು ಸೀಸನ್ನಿನ ಬೋನಸ್. ಅಕ್ಕನ ಮಗ ಒಂಬತ್ತನೇ ಕ್ಲಾಸು, ಹಕ್ಕಿ ಹುಚ್ಚು ಅವನಿಗೆ, ನೋಟ್‌ಬುಕ್ಕಲ್ಲಿ ಪಟ್ಟಿ ಮಾಡ್ಕೊಂಡು ತೋಟದೊಳಗೆ ಓಡಾಡ್ತಾನೆ. ಪರೀಕ್ಷೆ ಮುಗಿದ ಮೇಲೆ ನಾಗರಹೊಳೆಗೆ ಕರ್ಕೊಂಡು ಹೋಗ್ತೀನಿ, ಅಷ್ಟರಲ್ಲಿ ಒಂದು ಕ್ಯಾಮೆರಾ ತಗೊಳ್ತೀನಿ ಅಂತ ಮಾತು ಕೊಟ್ಟಿದ್ದೆ. ಹೊಸದು ನಮ್ಮ ಕೈಗೆ ಎಟುಕಲ್ಲ, ಬಾಡಿ, ಅಂದ್ರೆ ಲೆನ್ಸ್ ಇಲ್ಲದ ಬರೀ ಕ್ಯಾಮೆರಾ, ಒಂದು ರೇಟು ಆದ್ರೆ ದೂರದ ಲೆನ್ಸಿಗೆ ಇನ್ನೊಂದು ರೇಟು. ಹಾಗಾಗಿ ಸೆಕೆಂಡ್ ಹ್ಯಾಂಡ್.

ಜಾಹೀರಾತಲ್ಲಿ ಇದ್ದಿದ್ದು ನಿಕಾನ್ ಡಿ3400, ಜೊತೆಗೆ 18-55 ಅನ್ನೋ ಚಿಕ್ಕ ಲೆನ್ಸ್, ಜೊತೆಗೆ 70-300 ಅನ್ನೋ ದೂರದ ದೊಡ್ಡ ಲೆನ್ಸ್, ಒಂದು ಬ್ಯಾಗು. 2016ರಲ್ಲಿ ಬಂದ ಮಾಡೆಲ್ಲು, 24 ಮೆಗಾಪಿಕ್ಸೆಲ್, ಕಲಿಯೋರಿಗೆ ಒಳ್ಳೆ ಬಾಡಿ ಅಂತ ಎಲ್ಲಾ ಕಡೆ ಓದಿದ್ದೆ, ಅದು ಸುಳ್ಳಲ್ಲ, ಬಾಡಿ ಈಗ್ಲೂ ಚೆನ್ನಾಗಿದೆ, ಬಾಡಿ ಬಗ್ಗೆ ನನ್ನ ತಕರಾರಿಲ್ಲ. ಮೂವತ್ತೆರಡು ಹೇಳ್ದ, ನಾನು ಇಪ್ಪತ್ತೈದು ಕೇಳ್ದೆ, ಇಪ್ಪತ್ತೇಳೂವರೆಗೆ ನಿಂತ್ತು. ಲೆಕ್ಕ ಅವನೇ ಬಿಡಿಸಿ ಹೇಳಿದ್ದು, ಕ್ಯಾಮೆರಾ ಚಿಕ್ಕ ಲೆನ್ಸ್ ಸೇರಿ ಹದಿನೆಂಟು, ದೊಡ್ಡ ಲೆನ್ಸು ಒಂಬತ್ತೂವರೆ. "ದೊಡ್ಡ ಲೆನ್ಸೇ ಜೀವಾಳ ಸರ್, 300 ಅಂದ್ರೆ ಈ ಬಾಡಿಗೆ 450 ಲೆಕ್ಕ, ಹುಲಿ ಕಣ್ಣು ಬರುತ್ತೆ" ಅಂದ. ಈ ಬಾಡಿಯ ಸೆನ್ಸರ್ ಚಿಕ್ಕದು, ಅದಕ್ಕೆ 300 ಎಂಎಂ ಲೆನ್ಸಲ್ಲೂ 450ರಷ್ಟು ಹತ್ರ ಕಾಣುತ್ತೆ ಅನ್ನೋ ಲೆಕ್ಕ.

ಗೋಣಿಕೊಪ್ಪಲು ಬಸ್ ಸ್ಟ್ಯಾಂಡ್ ಹತ್ರ ಒಂದು ಬೇಕರೀಲಿ ಕೂತ್ವಿ. ಸಂಜೆ ಆರು ಗಂಟೆ ಮೇಲೆ, ಮೋಡ ಬೇರೆ. ಮೊದ್ಲು ಚಿಕ್ಕ ಲೆನ್ಸ್ ಹಾಕಿ ತೋರಿಸ್ದ, ಟಕ್ ಅಂತ ಫೋಕಸ್. ಎಷ್ಟು ಕ್ಲಿಕ್ ಆಗಿದೆ ಅಂತ ಮೊಬೈಲಲ್ಲಿ ತೋರಿಸ್ದ, ಹನ್ನೊಂದು ಸಾವಿರ ಚಿಲ್ರೆ, ಅಂದ್ರೆ ಜಾಸ್ತಿ ಬಳಸಿಲ್ಲ. ನಂಗೆ ಅಷ್ಟಕ್ಕೇ ಖುಷಿ ಆಗೋಯ್ತು. ಆಮೇಲೆ ದೊಡ್ಡ ಲೆನ್ಸ್ ಹಾಕ್ದ. ನಾನು ಟೇಬಲ್ ಮೇಲಿನ ಟೀ ಗ್ಲಾಸ್ ಕಡೆ ಹಿಡಿದು ಫೋಕಸ್ ಆಗ್ಲಿ ಅಂತ ಬಟನ್ ಅರ್ಧ ಒತ್ತಿದೆ, ಏನೂ ಆಗ್ಲಿಲ್ಲ, ಎಲ್ಲಾ ಮಸುಕು. "ಅಣ್ಣಾ ಇದು ಫೋಕಸ್ ಆಗ್ತಿಲ್ವಲ್ಲ" ಅಂದೆ. ಅದಕ್ಕವನು, "ಇದು ದೂರದ ಲೆನ್ಸ್ ಮಾರಾಯ್ರೆ, ಒಂದೂವರೆ ಮೀಟರ್ ಒಳಗಿಂದು ತಗೊಳ್ಳಲ್ಲ, ಕೊಡಿ ಇಲ್ಲಿ" ಅಂತ ನನ್ನ ಕೈಯಿಂದ ತಗೊಂಡು ರೋಡ್ ಆಚೆ ನಿಂತಿದ್ದ ಪಿಕಪ್ ಕಡೆ ತಿರುಗಿಸಿ ಕ್ಲಿಕ್ ಮಾಡಿ ತೋರಿಸ್ದ. ನಂಬರ್ ಪ್ಲೇಟ್ ಕ್ಲಿಯರ್ ಆಗಿ ಬಂದಿತ್ತು.

ಇಲ್ಲೇ. ಇಲ್ಲೇ ನಾನು ಬಿದ್ದಿದ್ದು. ಒಂದೂವರೆ ಮೀಟರ್ ಮಾತು ನಿಜ, ಆ ಲೆನ್ಸಿಗೆ ಅಷ್ಟು ದೂರ ಬೇಕೇ ಬೇಕು, ನಾನು ಮನೆಗೆ ಬಂದು ನೆಟ್ಟಲ್ಲೂ ನೋಡ್ದೆ, ಅವನು ಹೇಳಿದ್ದು ಸರಿ ಇದೆಯಲ್ಲ ಅಂತ ಇನ್ನೂ ನಂಬಿಕೆ ಬಂತು. ಆದ್ರೆ ಪಿಕಪ್ ಫೋಟೋ ತೆಗೆಯುವಾಗ ಅವನ ಎಡಗೈ ಎಲ್ಲಿತ್ತು ಅನ್ನೋದು ಈಗ ಕಣ್ಣು ಮುಚ್ಚಿದ್ರೂ ಕಾಣುತ್ತೆ. ಲೆನ್ಸಿನ ತುದೀಲಿ ಒಂದು ತೆಳ್ಳನೆ ರಿಂಗ್ ಇದೆ, ಅದರ ಮೇಲೆ ಎರಡು ಬೆರಳು. ಮೆಲ್ಲಗೆ ತಿರುಗಿಸ್ತಾ ಇದ್ದ. ನಾನು ಝೂಮ್ ಮಾಡ್ತಾ ಇದ್ದಾನೆ ಅಂದ್ಕೊಂಡೆ. ಝೂಮ್ ರಿಂಗ್ ಅದಲ್ಲ, ದಪ್ಪನೆ ರಬ್ಬರ್ ಇರೋದು ಝೂಮ್. ಅವನು ತಿರುಗಿಸ್ತಾ ಇದ್ದಿದ್ದು ಫೋಕಸ್. ಕೈಯಲ್ಲಿ ಫೋಕಸ್ ಮಾಡಿ ತೋರಿಸಿದ್ದಾನೆ, ನನ್ನ ಎದುರಿಗೇ, ಒಂದು ಅಡಿ ದೂರದಲ್ಲಿ. ಗೊತ್ತಿಲ್ಲದೆ ಮಾರಿದ್ರೆ ಬೇರೆ ಮಾತು, ಇವನಿಗೆ ಗೊತ್ತಿತ್ತು, ಗೊತ್ತಿದ್ದೇ ಬೆರಳು ಅಲ್ಲಿಗೆ ಹೋಗಿದ್ದು.

ಏಪ್ರಿಲ್ ಮೊದಲ ವಾರ ಸಫಾರಿ. ಬೆಳಗ್ಗೆ ನಾಲ್ಕಕ್ಕೆ ಎದ್ದು ಪೊನ್ನಂಪೇಟೆ, ಹುದಿಕೇರಿ, ಶ್ರೀಮಂಗಲ ದಾಟಿ ಕುಟ್ಟ, ಅಲ್ಲಿಂದ ನಾಣಚ್ಚಿ ಗೇಟ್. ಟಿಕೆಟ್ ದುಡ್ಡು ಅಲ್ಲದೆ ಕ್ಯಾಮೆರಾಗೆ ಬೇರೆ, ಲೆನ್ಸ್ ಉದ್ದ ನೋಡಿ ತಗೊಳ್ತಾರೆ, 300 ಅಂತ ಅದನ್ನೂ ಕಟ್ಟಿದೆ. ನಡುವಿನ ದಿನಗಳಲ್ಲಿ ನಾನು ಚಿಕ್ಕ ಲೆನ್ಸಲ್ಲೇ ಕಾಫಿ ಹೂವು, ಮನೆ ನಾಯಿ ಅಂತ ತೆಗ್ದು ಕಲೀತಾ ಇದ್ದೆ. ದೊಡ್ಡದನ್ನ ಹಾಕಿ ಎರಡು ಸಲ ನೋಡ್ದಾಗ ಫೋಕಸ್ ಆಗ್ಲಿಲ್ಲ, ನಂಗೇ ಬರ್ತಿಲ್ಲ ಅಂದ್ಕೊಂಡು ಅವನಿಗೆ ಮೆಸೇಜ್ ಹಾಕಿದ್ದೆ. "ಹೊಸಬ್ರಿಗೆ ಹಾಗೇ ಅನ್ಸುತ್ತೆ ಬ್ರದರ್, ಕಾಡಲ್ಲಿ ಬೆಳಕಿಗೆ ಸರಿ ಹೋಗುತ್ತೆ" ಅಂತ ಉತ್ತರ. ಅದನ್ನೂ ನಂಬಿದೆ.

ಒಳಗೆ ಹೋಗಿ ಅರ್ಧ ಗಂಟೆಗೆಲ್ಲ ಡ್ರೈವರ್ ಗಾಡಿ ನಿಲ್ಸಿ ಇಂಜಿನ್ ಆಫ್ ಮಾಡ್ದ. ರಸ್ತೆ ಎಡಕ್ಕೆ ಸೀಳುನಾಯಿ ಹಿಂಡು, ಏಳೋ ಎಂಟೋ, ಜಿಂಕೆ ಹೊಡೆದು ತಿಂತಾ ಇವೆ. ನಮ್ಮಿಂದ ಮೂವತ್ತು ಅಡಿ ಇರ್ಬೋದು. ಕೊಡಗಲ್ಲೇ ಹುಟ್ಟಿ ಬೆಳೆದ ನಾನು ಸೀಳುನಾಯಿನ ಅಷ್ಟು ಹತ್ತಿರದಿಂದ ನೋಡಿರ್ಲಿಲ್ಲ. ಒಂದು ನಾಯಿ ತಲೆ ಎತ್ತಿ ನಮ್ಮನ್ನೇ ನೋಡ್ತು, ಮೂತಿ ಪೂರ್ತಿ ರಕ್ತ, ಕಿವಿ ದುಂಡಗೆ ನಿಂತಿದೆ. ನಾನು ಒತ್ತುತ್ತೀನಿ ಏನೂ ಆಗಲ್ಲ. ಗುರ್ ಅನ್ನೋ ಸದ್ದು ಕೂಡ ಇಲ್ಲ. ಕ್ಲಿಕ್ ಆಗುತ್ತೆ, ನೋಡಿದ್ರೆ ಕೆಂಪು ಕಲೆ ತರ ಏನೋ. ಬ್ಯಾಟರಿ ತೆಗ್ದು ಹಾಕ್ದೆ, ಲೆನ್ಸ್ ಬಿಚ್ಚಿ ಹಾಕ್ದೆ, ಮತ್ತೆ ಒತ್ತಿದೆ. ಅಕ್ಕನ ಮಗ "ಮಾವ ತೆಗೀರಿ, ಮಾವ ತೆಗೀರಿ" ಅಂತ ಪಿಸುಗುಡ್ತಾನೆ. ಗಾಡೀಲಿದ್ದ ಎಲ್ಲರ ಕ್ಯಾಮೆರಾ ಟರ್ ಅಂತ ಓಡ್ತಾ ಇದೆ. ಹಿಂದಿನ ಸೀಟಲ್ಲಿದ್ದ ಒಬ್ಬರು, ಮೈಸೂರಿನವರಂತೆ, ಬಗ್ಗಿ ನೋಡಿ ಹೇಳಿದ್ರು, "ಸರ್, ಅದು ಮೋಟಾರ್ ಇಲ್ಲದ ಹಳೇ ಲೆನ್ಸು. ಈ ಬಾಡೀಲಿ ಆಟೋ ಫೋಕಸ್ ಆಗಲ್ಲ. ಕೈಯಲ್ಲೇ ತಿರುಗಿಸಬೇಕು, ಮುಂದಿನ ರಿಂಗ್." ಅವರು ಒಳ್ಳೇ ಮನಸ್ಸಿಂದ ಹೇಳಿದ್ದು, ಆದ್ರೆ ಎಲ್ಲರೂ ತಿರುಗಿ ನೋಡಿದ್ರು, ಮುಖ ಎಲ್ಲಿಡ್ಬೇಕು ಗೊತ್ತಾಗ್ಲಿಲ್ಲ. ಅವರು ಮುಂದಿನ ರಿಂಗ್ ಅಂದ ತಕ್ಷಣ ಬೇಕರೀಲಿ ನೋಡಿದ ಆ ಎರಡು ಬೆರಳು ನೆನಪಾಯ್ತು. ಮೈ ಎಲ್ಲಾ ಉರಿದು ಹೋಯ್ತು.

ಕೈಯಲ್ಲಿ ತಿರುಗಿಸಿ ತೆಗೆಯೋಕೆ ನೋಡ್ದೆ. ಫೋಕಸ್ ಸರಿ ಆದ್ರೆ ಕಣ್ಣಿಟ್ಟು ನೋಡೋ ಕಿಂಡಿ ಒಳಗೆ ಹಸಿರು ಚುಕ್ಕೆ ಬರುತ್ತೆ ಅಂತ ಅವರೇ ಹೇಳ್ಕೊಟ್ರು, ಬರುತ್ತೆ ನಿಜ, ಆದ್ರೆ ಅಲುಗಾಡೋ ಪ್ರಾಣಿಗೆ, ಬೆಳಗಿನ ಆ ಮಬ್ಬಲ್ಲಿ, ಮೊದಲ್ನೇ ಸಲ ಕ್ಯಾಮೆರಾ ಹಿಡಿದೋನಿಗೆ ಎಲ್ಲಿ ಆಗುತ್ತೆ. ಆ ಲೆನ್ಸಲ್ಲಿ ಕೈ ನಡುಕ ತಡೆಯೋ ವಿಆರ್ ಕೂಡ ಇಲ್ಲ. ಎಂಬತ್ತಕ್ಕೂ ಜಾಸ್ತಿ ಫೋಟೋದಲ್ಲಿ ನೋಡೋ ಹಾಗೆ ಬಂದಿದ್ದು ಎರಡು, ಅದ್ರಲ್ಲೊಂದು ಕಾಟಿ, ಅದು ಕಲ್ಲಿನ ಹಾಗೆ ನಿಂತಿತ್ತು ಅದಕ್ಕೆ ಬಂತು.

ಕುಟ್ಟಕ್ಕೆ ಬಂದು ನೆಟ್‌ವರ್ಕ್ ಸಿಕ್ಕಿದ ತಕ್ಷಣ ಫೋನ್ ಮಾಡ್ದೆ. ಅವನ ಉತ್ತರಗಳನ್ನ ಅವನ ಮಾತಲ್ಲೇ ಬರೀತೀನಿ.

"ಲೆನ್ಸ್ ಮೇಲೆ ಎಎಫ್ ಅಂತ ಬರೆದಿದೆ ತಾನೇ? ಎಎಫ್ ಅಂದ್ರೆ ಆಟೋ ಫೋಕಸ್. ನಾನೇನು ಸುಳ್ಳು ಹೇಳ್ದೆ?" ಅಂದ. ಈ ಬಾಡೀಲಿ ಆಗಲ್ವಲ್ಲ ಅಂದೆ. "ಈ ಬಾಡೀಲಿ ಆಗುತ್ತಾ ಅಂತ ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ." ಬೇಕರೀಲಿ ಫೋಕಸ್ ಆಗ್ತಿಲ್ಲ ಅಂತ ಬಾಯ್ಬಿಟ್ಟು ಹೇಳಿದ್ದೆ ನಾನು! ಅದನ್ನ ಹೇಳಿದ್ರೆ, "ದೊಡ್ಡ ದೊಡ್ಡ ಫೋಟೋಗ್ರಾಫರ್‌ಗಳು ಮ್ಯಾನುಯಲ್ಲಲ್ಲೇ ತೆಗೀತಾ ಇದ್ರು, ಮೊದ್ಲು ಕಲೀರಿ, ಆಮೇಲೆ ಲೆನ್ಸಿಗೆ ಬೈರಿ". ನಂಗೆ ಮಾತೇ ಹೊರಡ್ಲಿಲ್ಲ. ಅಲ್ಲೇ ಅಕ್ಕನ ಮಗ ನಿಂತಿದ್ದ, ಫೋನ್ ಇಟ್ಟೆ.

ಮುಂದಿನ ವಾರ ಮೈಸೂರಿಗೆ ಕೆಲಸದ ಮೇಲೆ ಹೋದಾಗ ಒಬ್ಬ ರಿಪೇರಿಯವರ ಹತ್ರ ತೋರಿಸ್ದೆ. ವಯಸ್ಸಾದೋರು, ಎರಡು ನಿಮಿಷದಲ್ಲಿ ಬಿಡಿಸಿ ಹೇಳಿದ್ರು. ಲೆನ್ಸ್ ಬಿಚ್ಚಿ ಹಿಂಭಾಗ ತೋರಿಸಿ, ಇಲ್ಲಿ ಸ್ಕ್ರೂ ತಲೆ ತರ ಒಂದು ಸಣ್ಣ ಗೀಟು ಇದೆ ನೋಡಿ, ಬಾಡಿಯಲ್ಲಿರೋ ಮೋಟಾರ್ ಇದನ್ನ ತಿರುಗಿಸಬೇಕು, ನಿಮ್ಮ ಬಾಡೀಲಿ ಮೋಟಾರೇ ಇಲ್ಲ, ಡಿ3000, ಡಿ5000 ಸಾಲಿನ ಯಾವ ಬಾಡೀಲೂ ಇಲ್ಲ, ಡಿ90, ಡಿ7000, ಡಿ7200 ಇಂಥವುಗಳಲ್ಲಿ ಇದೆ, ಅದಕ್ಕೆ ಹಾಕಿದ್ರೆ ಇದೇ ಲೆನ್ಸ್ ಓಡುತ್ತೆ ಅಂದ್ರು. ಆಮೇಲೆ ಟಾರ್ಚ್ ಹಾಕಿ ಒಳಗೆ ನೋಡಿ ಸುಮ್ಮನಾದ್ರು. ನಂಗೂ ತೋರಿಸಿದ್ರು. ಒಳಗಿನ ಗಾಜಿನ ಅಂಚಿಂದ ಮಧ್ಯದ ತನಕ ಬಿಳೀ ಎಳೆ ಎಳೆ, ಜೇಡನ ಬಲೆ ಹರಿದು ಅಂಟಿಸಿದ ಹಾಗೆ. ಫಂಗಸ್. ಬಿಚ್ಚಿ ಕ್ಲೀನ್ ಮಾಡೋಕೆ ಎರಡೂವರೆ ಸಾವಿರ, ಗಾಜಿನ ಕೋಟಿಂಗ್ ತಿಂದಿದ್ರೆ ಗುರುತು ಹೋಗಲ್ಲ, ಗ್ಯಾರಂಟಿ ಕೊಡಲ್ಲ ಅಂದ್ರು.

ಇದನ್ನ ಮಾರಿದವನಿಗೆ ಹೇಳಿದ್ದಕ್ಕೆ ಅವನು ಕೊಟ್ಟ ಉತ್ತರ ನಾನು ಸಾಯೋ ತನಕ ಮರೆಯಲ್ಲ. "ಕೊಡಗಲ್ಲಿ ಫಂಗಸ್ ಇಲ್ಲದ ಒಂದು ಲೆನ್ಸ್ ತೋರಿಸಿ ನೋಡೋಣ."

ಹೌದಪ್ಪ, ಇಲ್ಲಿ ಜೂನಲ್ಲಿ ಮಳೆ ಹಿಡಿದ್ರೆ ಸೆಪ್ಟೆಂಬರ್ ತನಕ ಬೀರುವಲ್ಲಿರೋ ಬೆಲ್ಟಿಗೂ ಬೂಷ್ಟು ಬರುತ್ತೆ, ಯಾರಿಗೆ ಗೊತ್ತಿಲ್ಲ. ಅದಕ್ಕೇ ತಾನೇ ಇಟ್ಟುಕೊಂಡೋರು ಗಾಳಿ ಆಡದ ಡಬ್ಬೀಲಿ ಸಿಲಿಕಾ ಜೆಲ್ ಹಾಕಿ ಇಡೋದು. ನೀನು ಬ್ಯಾಗಲ್ಲಿ ಬಿಟ್ಟು ಕೊಳೆಸಿ ಅದನ್ನ ಊರಿನ ಹವೆ ಮೇಲೆ ಹಾಕಿದ್ರೆ ಹೇಗೆ. ನನ್ನ ಸಿಟ್ಟು ಇಳಿದಿಲ್ಲ, ಇಳಿಯೋದೂ ಇಲ್ಲ.

ಎಂಟು ಹತ್ತು ಸಲ ಫೋನ್ ಮಾಡಿ, ಪರಿಚಯದ ಒಬ್ಬ ಹಿರಿಯರ ಕೈಲಿ ಹೇಳಿಸಿ, ಕೊನೆಗೆ ಲೆನ್ಸ್ ವಾಪಸ್ ತಗೊಂಡು ಮೂರು ಸಾವಿರ ಕೊಟ್ಟ. ಒಂಬತ್ತೂವರೆ ಅಂತ ಲೆಕ್ಕ ಹಾಕಿದ್ದಕ್ಕೆ ಮೂರು. ಸಾಕಾಗಿತ್ತು, ಕೊಟ್ಟು ಬಂದೆ. ಕೊಡಬಾರ್ದಿತ್ತು. ಮನೇಲೇ ಬಿದ್ದಿರಲಿ ಅಂತ ಇಟ್ಕೊಳ್ಳಬೇಕಿತ್ತು, ಆಗ ನಿನ್ನೆ ರಾತ್ರಿ ಅದು ಮತ್ತೆ ಆ ಟವೆಲ್ ಮೇಲೆ ಬರ್ತಿರ್ಲಿಲ್ಲ.

ತಗೊಳ್ಳೋರಿಗೆ ಎರಡು ಮಾತು, ನಂಗೆ ದುಡ್ಡು ಕೊಟ್ಟು ಗೊತ್ತಾಗಿದ್ದು. ನಿಕಾನ್‌ನಲ್ಲಿ ಡಿ3000, ಡಿ5000 ಸಾಲಿನ ಬಾಡಿ ತಗೊಂಡ್ರೆ ಲೆನ್ಸ್ ಮೇಲೆ ಬರೀ ಎಎಫ್ ಅಂತಿದ್ರೆ ಬೇಡ, ಎಎಫ್-ಎಸ್ ಅಂತ ಇರ್ಬೇಕು, ಅದ್ರಲ್ಲಿ ಮೋಟಾರ್ ಲೆನ್ಸ್ ಒಳಗೇ ಇರುತ್ತೆ. ಎಎಫ್-ಪಿ ಅಂತಿರೋದು ಡಿ3400, ಡಿ5600 ತರ ಹೊಸ ಬಾಡಿಗೆ ಓಕೆ, ಡಿ3100, ಡಿ3200, ಡಿ5100ಕ್ಕೆ ಅದೂ ಓಡಲ್ಲ. ಕ್ಯಾನನ್ನಲ್ಲಿ ಈ ತಲೆನೋವಿಲ್ಲ, ಅವರ ಇಎಫ್ ಲೆನ್ಸಲ್ಲೆಲ್ಲ ಮೋಟಾರ್ ಲೆನ್ಸ್ ಒಳಗೇ ಇದೆ, 1300ಡಿ ಅಥವಾ 1500ಡಿ ಜೊತೆಗೆ 55-250 ಐಎಸ್ (ಐಎಸ್ ಅಂದ್ರೆ ಕ್ಯಾನನ್ನಿನ ವಿಆರ್) ಸಿಕ್ರೆ ಮೊದಲ್ನೇ ಸಫಾರಿಗೆ ಧಾರಾಳ ಸಾಕು, ಇದನ್ನ ಮೊದ್ಲೇ ಯಾರಾದ್ರೂ ಹೇಳಿದ್ರೆ ನಾನು ಕಣ್ಣು ಮುಚ್ಚಿ ಅದನ್ನೇ ತಗೊಳ್ತಿದ್ದೆ. ಮಧ್ಯಾಹ್ನ ಬೆಳಕಲ್ಲಿ ಹೋಗಿ. ನೀವೇ ಹಿಡಿದು ನೀವೇ ಒತ್ತಿ, ಎಡಗೈಯನ್ನ ಲೆನ್ಸಿನ ಅಡಿಗೆ ಕೊಡಿ ಅಷ್ಟೇ, ರಿಂಗ್ ಮುಟ್ಟಬೇಡಿ, ತಾನಾಗೇ ಫೋಕಸ್ ಆಗ್ಬೇಕು. ಮೊಬೈಲ್ ಟಾರ್ಚ್ ಲೆನ್ಸಿನ ಹಿಂದಿಂದ ಹಿಡಿದು ಮುಂದಿಂದ ನೋಡಿ. ಮಾರೋನು ಕ್ಯಾಮೆರಾನ ನಿಮ್ಮ ಕೈಯಿಂದ ತಗೊಂಡು "ಕೊಡಿ ನಾನು ತೋರಿಸ್ತೀನಿ" ಅಂದ್ರೆ ಎದ್ದು ಬನ್ನಿ.

ನಾನು ಈಗ ಎಎಫ್-ಎಸ್ 55-200 ವಿಆರ್ ಒಂದು ಹುಡುಕಿ ತಗೊಂಡಿದ್ದೀನಿ, ಮೈಸೂರಿನ ಆ ರಿಪೇರಿಯವರೇ ಕೊಡಿಸಿದ್ರು. 300ರಷ್ಟು ದೂರ ಬರಲ್ಲ, ಆದ್ರೆ ಒತ್ತಿದ್ರೆ ಫೋಕಸ್ ಆಗುತ್ತೆ. ಅಕ್ಕನ ಮಗ ಮೊನ್ನೆ ಸಿಲ್ವರ್ ಓಕ್ ಮರದಲ್ಲಿ ಕೂತಿದ್ದ ಮರಕುಟಿಗ ತೆಗ್ದ, ಗರಿ ಗರಿ ಕಾಣುತ್ತೆ.

ನಿನ್ನೆಯ ಜಾಹೀರಾತಲ್ಲಿ ಬಾಡಿ ಡಿ3200, ಅದ್ರಲ್ಲೂ ಮೋಟಾರ್ ಇಲ್ಲ. ಲೆನ್ಸಿಗೆ ಒಂಬತ್ತು ಸಾವಿರ ಹೇಳಿದ್ದಾನೆ. ತೋಟದ ಡ್ರೈವರ್ ಫೋನಿಂದ ಇವತ್ತು ಬೆಳಗ್ಗೆ ನಾನೇ ಮೆಸೇಜ್ ಹಾಕಿಸ್ದೆ, ಲೆನ್ಸಿನ ಹಿಂಭಾಗದ ಫೋಟೋ ಒಂದು ಕಳ್ಸಿ, ಟಾರ್ಚ್ ಹಾಕಿ ಒಳಗಿನ ಗಾಜಿಂದು ಒಂದು ಕಳ್ಸಿ ಅಂತ. ಹತ್ತು ನಿಮಿಷದಲ್ಲಿ ಉತ್ತರ ಬಂತು. "ಇಂಟರೆಸ್ಟ್ ಇದ್ರೆ ಸಂಜೆ ಬೇಕರಿಗೆ ಬನ್ನಿ ಬ್ರದರ್, ನಾನೇ ತೋರಿಸ್ತೀನಿ."