ಮೈಗೆ ಐದು, ಬಾಲಕ್ಕೆ ಎರಡು: ಬ್ಲೂಫಿಶ್ ಹಿಡಿಯಲು ಕಾಸ್ಟ್‌ಮಾಸ್ಟರ್, ಹಲವು ಸೀಸನ್ ಬಳಸಿದ ಮೇಲೆ

ಅಂಕ ಮೊದಲು, ವಿವರ ಆಮೇಲೆ. ಕಾಸ್ಟ್‌ಮಾಸ್ಟರ್ ಒಂದು ಲ್ಯೂರ್, ಅಂದರೆ ಮೀನನ್ನು ಮರುಳು ಮಾಡಲು ದಾರಕ್ಕೆ ಕಟ್ಟಿ ಎಸೆದು ಎಳೆಯುವ ಕೃತಕ ಬೇಟೆ. ಅದರ ಹಿತ್ತಾಳೆ ಮೈಗೆ ಐದಕ್ಕೆ ಐದು. ಬಾಲದಲ್ಲಿ ನೇತಾಡುವ ಮೂರು ಕೊಕ್ಕೆಯ ಟ್ರೆಬಲ್ ಹುಕ್‌ಗೆ, ಬ್ಲೂಫಿಶ್ ಎಂಬ ಕಡಲ ಬೇಟೆಗಾರ ಮೀನನ್ನು ಹಿಡಿಯುವ ಕೆಲಸದ ಮಟ್ಟಿಗೆ, ಎರಡು. ಕೆರೆಯಲ್ಲಿ ಟ್ರೌಟ್ ಹಿಡಿಯುವವರಿಗೆ ಈ ಎರಡನೆಯ ಅಂಕ ಅನ್ಯಾಯ ಅನ್ನಿಸಬಹುದು. ಅಲ್ಲಿ ಆ ಹುಕ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಇಲ್ಲಿನ ಮಾತು ಅಮೆರಿಕದ ನ್ಯೂಜೆರ್ಸಿ ದಡದ್ದು: ಸ್ಯಾಂಡಿ ಹುಕ್‌ನಿಂದ ಐಲ್ಯಾಂಡ್ ಬೀಚ್ ಸ್ಟೇಟ್ ಪಾರ್ಕ್, ಬಾರ್ನಿಗಟ್ ಅಳಿವೆಯವರೆಗಿನ ಮರಳು ದಂಡೆ, ದೋಣಿಯಿಲ್ಲದೆ ನಿಂತು ಎಸೆಯುವವರ ಜಾಗ.

ಲ್ಯೂರ್ ಬಗ್ಗೆ ಹೇಳುವ ಮೊದಲು ಮೀನಿನ ಬಾಯಿಯ ವಿಷಯ. ಬ್ಲೂಫಿಶ್‌ನ ಎರಡೂ ದವಡೆಗಳಲ್ಲಿ ಒಂದೊಂದು ಸಾಲು ಚೂಪಾದ ತ್ರಿಕೋನ ಹಲ್ಲು. ಅಂಜಲ್ ಮೀನು ನೈಲಾನ್ ದಾರವನ್ನು ಬ್ಲೇಡಿನಂತೆ ಕತ್ತರಿಸಿ ಹೋಗುವುದನ್ನು ಮಲ್ಪೆ, ಮಂಗಳೂರಿನ ಕಡೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಟೆಯನ್ನು ಇಡಿಯಾಗಿ ನುಂಗುವುದಕ್ಕಿಂತ ಹಿಂದಿನಿಂದ ಬಂದು ಬಾಲ ಕತ್ತರಿಸುವುದು ಇದರ ರೂಢಿ. ಹಾಗಾಗಿ ರಬ್ಬರಿನ ಮೀನು ಎರಡನೆಯ ಎಸೆತಕ್ಕೇ ಮೊಂಡಾಗುತ್ತದೆ, ಬಣ್ಣ ಬಳಿದ ಮರದ ಲ್ಯೂರ್ (ಪ್ಲಗ್) ಒಂದೇ ಸಂಜೆಗೆ ಗುರುತು ಸಿಗದಂತಾಗುತ್ತದೆ. ಅಚ್ಚ ಲೋಹವಾದರೆ ಹಲ್ಲಿಗೆ ಕೆಲಸವೇ ಇಲ್ಲ.

ರೋಡ್ ಐಲ್ಯಾಂಡ್‌ನ ಪ್ರಾವಿಡೆನ್ಸ್‌ನ ಆಕ್ಮೆ ಟ್ಯಾಕಲ್ ಕಂಪನಿಯ ಈ ಲ್ಯೂರ್ ಅಚ್ಚಿಗೆ ಹೊಯ್ದದ್ದಲ್ಲ, ಗಟ್ಟಿ ಹಿತ್ತಾಳೆಯನ್ನು ಓರೆಯಾಗಿ ಕತ್ತರಿಸಿ ಮಾಡಿದ್ದು. ಅಂಚುಗಳು ನೇರ, ಮೈ ಚಪ್ಪಟೆ, ಮೇಲೆ ಕ್ರೋಮ್ ಲೇಪ. ಒಂದು ಔನ್ಸಿನ ಹನ್ನೆರಡನೇ ಒಂದು ಭಾಗದಿಂದ 4 ಔನ್ಸ್‌ವರೆಗೆ ತೂಕಗಳಿವೆ. ದಡದ ಬ್ಲೂಫಿಶ್‌ಗೆ ಬೇಕಾಗುವುದು ಮೂರೇ. ಆಗಸ್ಟ್‌ನಲ್ಲಿ ಹಿನ್ನೀರಿಗೆ ಬರುವ ಗೇಣುದ್ದದ ಮರಿಗಳಿಗೆ, ಅಂದರೆ ಇಲ್ಲಿಯವರು ಸ್ನ್ಯಾಪರ್ ಅನ್ನುವವಕ್ಕೆ, ಕಾಲು ಔನ್ಸ್. ಎರಡು ಮೂರು ಪೌಂಡಿನ ಕಾಕ್‌ಟೇಲ್ ಬ್ಲೂಗಳಿಗೆ 1 ಔನ್ಸ್. ಮೇ ತಿಂಗಳಲ್ಲೂ ಅಕ್ಟೋಬರ್‌ನ ಆಚೀಚೆಯೂ ಬರುವ ಹತ್ತು ಪೌಂಡ್ ದಾಟಿದ ಗೇಟರ್‌ಗಳಿಗೆ 2 ಔನ್ಸ್, ಅಂದರೆ ಸುಮಾರು 57 ಗ್ರಾಂ. ಒಂದೂವರೆ ಔನ್ಸ್ ಇದ್ದರೆ ಅಡ್ಡಿಯಿಲ್ಲ, ಇಲ್ಲದಿದ್ದರೆ ಕೊರತೆಯೂ ಕಾಣುವುದಿಲ್ಲ. ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಅಂಗಡಿಯವನಿಗೆ ಲಾಭ. ಸಾದಾ ಕ್ರೋಮ್ ಸಾಕು.

ಎಸೆತದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. 1ರಿಂದ 3 ಔನ್ಸ್ ತಡೆಯುವ ಒಂಬತ್ತಡಿ ರಾಡ್, 5000 ಅಳತೆಯ ರೀಲ್, 30 ಪೌಂಡ್ ತಡೆಯುವ, ಎಳೆ ಹೆಣೆದ ಬ್ರೇಡ್ ದಾರ ಇದ್ದರೆ, 2 ಔನ್ಸಿನ ತುಂಡು ಎದುರುಗಾಳಿಯಲ್ಲೂ ಹೊರಗಿನ ಮರಳುದಿಬ್ಬವನ್ನು ಮುಟ್ಟುತ್ತದೆ. ಅದೇ ತೂಕದ ಪಾಪರ್, ಅಂದರೆ ನೀರಿನ ಮೇಲೆ ತೇಲುವ ಲ್ಯೂರ್, ಗಾಳಿಗೆ ಪಲ್ಟಿ ಹೊಡೆದು ಅರ್ಧ ದಾರಿಯಲ್ಲೇ ಬೀಳುತ್ತದೆ. ಈಶಾನ್ಯದ ಗಾಳಿ ಬೀಸುವ ದಿನ ಚೀಲದಲ್ಲಿ ಬೇರೇನಿದ್ದರೂ ಕೈ ಹೋಗುವುದು ಇದಕ್ಕೇ.

ಎಳೆಯುವ ವೇಗದಲ್ಲಿ ಮಾತ್ರ ಎಚ್ಚರ ಬೇಕು. ಬ್ಲೂಫಿಶ್‌ಗೆ ವೇಗ ಇಷ್ಟ ಎಂಬುದು ನಿಜ. ಹಾಗೆಂದು ಕೈ ಸೋಲುವಷ್ಟು ರಭಸದಲ್ಲಿ ತಿರುಗಿಸಿದರೆ, ಈ ಆಕಾರದ ಲೋಹ ಎಡಬಲಕ್ಕೆ ತೂಗುವುದನ್ನು ಬಿಟ್ಟು ತನ್ನ ಸುತ್ತ ತಾನೇ ಗಿರಗಿರನೆ ಸುತ್ತತೊಡಗುತ್ತದೆ. ದಾರ ಹುರಿಗೊಳ್ಳುತ್ತದೆ, ನಾಲ್ಕೈದು ಎಸೆತಗಳ ನಂತರ ಬ್ರೇಡ್ ಸುರುಳಿಸುರುಳಿಯಾಗಿ ಎದ್ದು ರಾಡಿನ ಉಂಗುರದಲ್ಲಿ ಗಂಟು ಬೀಳುತ್ತದೆ. ಒಂದು ಸುತ್ತಿಗೆ ಸುಮಾರು ಒಂದು ಮೀಟರ್ ದಾರ ಎಳೆಯುವ ರೀಲಿನಲ್ಲಿ ಸೆಕೆಂಡಿಗೆ ಒಂದೂವರೆಯಿಂದ ಎರಡು ಸುತ್ತು ಹದವಾದ ವೇಗ. ಲೋಹದ ತೂಗಾಟ ರಾಡಿನ ತುದಿಯಲ್ಲಿ ಮಿಡಿತದ ಹಾಗೆ ಕಾಣುತ್ತಿರಬೇಕು. ಮಿಡಿತ ನಿಂತು ಬರೀ ಭಾರ ಉಳಿದರೆ ಲ್ಯೂರ್ ಸುತ್ತುತ್ತಿದೆ, ಇಲ್ಲವೇ ಪಾಚಿ ಹೊತ್ತಿದೆ ಎಂದೇ ಅರ್ಥ.

ಆಳ ಕಡಿಮೆಯಿದ್ದರೆ ಲ್ಯೂರ್ ನೀರು ಮುಟ್ಟುವ ಕ್ಷಣದಲ್ಲೇ ರೀಲಿನ ಬೇಲ್ (ದಾರ ಹಿಡಿಯುವ ತಂತಿಯ ಕಮಾನು) ಮುಚ್ಚಿ ಎಳೆಯಿರಿ. ಅಳಿವೆಯ ಆಳದಲ್ಲಾದರೆ ತಳ ಮುಟ್ಟಲು ಬಿಟ್ಟು, ಹತ್ತು ಸುತ್ತು ಎಳೆದು, ಮತ್ತೆ ಇಳಿಬಿಡಿ. ಇಳಿಯುವಾಗ ದಾರ ಸಡಿಲವಾಗಲು ಬಿಡಬಾರದು, ಹೊಡೆತ ಬರುವುದು ಬಹುಪಾಲು ಆಗಲೇ. ಮೀನು ಹೊಡೆದು ತಪ್ಪಿಸಿಕೊಂಡರೆ ಗಾಬರಿಯಿಂದ ರಾಡ್ ಎತ್ತಬೇಡಿ. ಅರೆ ಕ್ಷಣ ನಿಲ್ಲಿಸಿ ಮತ್ತೆ ಎಳೆಯಿರಿ. ಬಾಲ ಕತ್ತರಿಸಿದ ಬೇಟೆ ತಡವರಿಸುತ್ತಿದೆ ಎಂದುಕೊಂಡು ಅದೇ ಮೀನೋ ಅದರ ಪಕ್ಕದ್ದೋ ತಿರುಗಿ ಬರುತ್ತದೆ. ಕೊನೆಯ ಅಲೆಯ ಬುಡದವರೆಗೂ ಎಳೆಯುತ್ತಲೇ ಇರಿ.

ಈಗ ಬಾಲದ ಕಥೆ. ಟ್ರೆಬಲ್ ಹುಕ್ ಬ್ಲೂಫಿಶ್‌ಗೆ ಏಕೆ ಬೇಡ ಅಂದರೆ ಕಾರಣ ಮೂರು. ಮೀನು ತಲೆ ಕೊಡವಿದಾಗ ಎರಡು ಔನ್ಸಿನ ಲೋಹವೇ ಸನ್ನೆಕೋಲಾಗಿ ತೆಳು ಕೊಕ್ಕೆಯನ್ನು ಬಿಡಿಸಿಬಿಡುತ್ತದೆ, ಇಲ್ಲವೇ ನೇರಮಾಡುತ್ತದೆ. ಎರಡನೆಯದು, ಒಂದು ಕೊಕ್ಕೆ ಬಾಯಲ್ಲಿದ್ದಾಗ ಉಳಿದೆರಡು ನಿಮ್ಮ ಕೈಗೆ ಕಾದಿರುತ್ತವೆ. ಮರಳಿನ ಮೇಲೆ ಕುಪ್ಪಳಿಸುತ್ತಿರುವ ಎಂಟು ಪೌಂಡಿನ ಮೀನು ಆ ಕೆಲಸವನ್ನು ಸುಲಭವಾಗಿ ಮುಗಿಸುತ್ತದೆ. ಮೂರನೆಯದು, ವಾಪಸ್ ಬಿಡಬೇಕಾದ ಮೀನಿನ ಕಿವಿರು ಹರಿಯುತ್ತದೆ. ಬಾಲಕ್ಕೆ ಜಿಂಕೆ ಕೂದಲು ಕಟ್ಟಿದ ನಮೂನೆಯೂ ಸಿಗುತ್ತದೆ. ಮೂರ್ನಾಲ್ಕು ಮೀನು ಹಿಡಿಯುವಷ್ಟರಲ್ಲಿ ಆ ಕೂದಲು ಬೋಳಾಗುತ್ತದೆ, ಅದಕ್ಕೆ ಹೆಚ್ಚು ಹಣ ಕೊಡಬೇಡಿ.

ಬದಲಿಸುವುದು ಹತ್ತು ನಿಮಿಷದ ಕೆಲಸ. ಹುಕ್ ಸಿಕ್ಕಿಸಿರುವ ಹಳೆಯ ರಿಂಗ್ ತೆಗೆದು ದಪ್ಪ ಸ್ಟೇನ್‌ಲೆಸ್ ಸ್ಪ್ಲಿಟ್ ರಿಂಗ್ ಹಾಕಿ. 2 ಔನ್ಸಿಗೆ 4/0 ಅಥವಾ 5/0, 1 ಔನ್ಸಿಗೆ 2/0 ಅಳತೆಯ ಒಂಟಿ ಹುಕ್ ಸಾಕು. ಕಣ್ಣು ತೆರೆದಿರುವ ಸೈವಾಶ್ ಹುಕ್ ಆದರೆ ರಿಂಗಿಗೆ ಸಿಕ್ಕಿಸಿ ಇಕ್ಕಳದಿಂದ ಒತ್ತಿ ಮುಚ್ಚಬಹುದು. ಬಿರುಕು ಒಂದಿಷ್ಟೂ ಉಳಿಯದಂತೆ ಮುಚ್ಚಬೇಕು. ಹುಕ್‌ನ ಮರುಮುಳ್ಳನ್ನು ಇಕ್ಕಳದಲ್ಲಿ ಚಪ್ಪಟೆ ಮಾಡಿ. ಇದರಿಂದ ಗಾಳಿಗೆ ಹಾರಿದ ಮೀನುಗಳಲ್ಲಿ ಒಂದೆರಡು ಹೆಚ್ಚು ತಪ್ಪಿಸಿಕೊಳ್ಳುತ್ತವೆ, ಒಪ್ಪಬೇಕು. ಮೀನು ಹಾರಿದಾಗ ರಾಡನ್ನು ಬಗ್ಗಿಸಿ ಪಕ್ಕಕ್ಕೆ ಹಿಡಿದು ದಾರ ಬಿಗಿಯಾಗಿಯೇ ಇಟ್ಟರೆ ಆ ನಷ್ಟವೂ ಕಡಿಮೆ. ಹುಕ್ ತೀರ ದೊಡ್ಡದಾದರೆ ಬಾಲ ಭಾರವಾಗಿ ತೂಗಾಟ ಮಂಕಾಗುತ್ತದೆ. ಬದಲಿಸಿದ ಕೂಡಲೇ ಕಾಲಬುಡದ ನೀರಲ್ಲಿ ಒಮ್ಮೆ ಎಳೆದು ನೋಡುವುದು ಲೇಸು.

ದಾರದ ತುದಿ ಹೇಗಿರಬೇಕು ಎಂಬುದರಲ್ಲಿ ಜಗಳ ಮುಗಿದಿಲ್ಲ. ಹುಕ್ ಬಾಲದಲ್ಲಿರುವುದರಿಂದ ಮೀನಿನ ಬಾಯಿಗೂ ದಾರಕ್ಕೂ ನಡುವೆ ಲೋಹದ ಮೈಯೇ ಕಾವಲು. ಹಾಗಾಗಿ ಒಂದೊಂದೇ ಮೀನು ಸಿಗುವ ದಿನಗಳಲ್ಲಿ ಎರಡೂವರೆ ಅಡಿಯ 50 ಪೌಂಡ್ ಮಾನೊ ಲೀಡರ್ (ಲ್ಯೂರ್‌ಗೂ ಬ್ರೇಡಿಗೂ ನಡುವಿನ ಒಂಟಿ ಎಳೆ ನೈಲಾನ್ ತುಂಡು) ತಡೆಯುತ್ತದೆ. ಹಿಂಡು ಮುಗಿಬಿದ್ದಾಗ ಲೆಕ್ಕ ಬೇರೆ. ಸಿಕ್ಕ ಮೀನಿನ ಬಾಯಲ್ಲಿ ಹೊಳೆಯುವ ಲೋಹಕ್ಕೆ ಪಕ್ಕದ ಮೀನೂ ಬಾಯಿ ಹಾಕುತ್ತದೆ, ದಾರ ಅಡ್ಡ ಸಿಕ್ಕಿ ಕತ್ತರಿಸುತ್ತದೆ. ಆಗ 58 ಪೌಂಡ್ ತಡೆಯುವ 6ನೇ ನಂಬರಿನ ಒಂಟಿ ಎಳೆ ತಂತಿ, ಆರರಿಂದ ಎಂಟು ಇಂಚು ಸಾಕು. ತಂತಿಯನ್ನು ಕಟ್ಟುವ ಹೇವೈರ್ ಗಂಟು ಹಾಕುವಾಗ ಎರಡೂ ಎಳೆಗಳನ್ನು ಒಂದಕ್ಕೊಂದು ಸಮನಾಗಿ ಹೆಣೆದು ಕನಿಷ್ಠ ಮೂರೂವರೆ ಸುತ್ತು, ಆಮೇಲೆ ತುದಿಯನ್ನು ಅಡ್ಡ ಬಗ್ಗಿಸಿ ಒತ್ತೊತ್ತಾಗಿ ಐದು ಸುತ್ತು. ಒಂದೇ ಎಳೆ ಇನ್ನೊಂದರ ಮೇಲೆ ಸುತ್ತಿಕೊಂಡಿದ್ದರೆ ಭಾರ ಬಿದ್ದಾಗ ಜಾರುತ್ತದೆ. ಉಳಿದ ತುದಿಯನ್ನು ಕತ್ತರಿಸಬೇಡಿ. ಕೈಹಿಡಿಯಂತೆ ಬಗ್ಗಿಸಿ ಹಿಂದೆ ಮುಂದೆ ಆಡಿಸಿ ಮುರಿಯಿರಿ, ಇಲ್ಲದಿದ್ದರೆ ಉಳಿಯುವ ಮೊನೆ ಬೆರಳು ಸೀಳುತ್ತದೆ. ಒಮ್ಮೆ ಮಡಿಕೆ ಬಿದ್ದ ತಂತಿ ಕಸದ ಬುಟ್ಟಿಗೆ.

ಬ್ರೇಡನ್ನೂ ಲೀಡರನ್ನೂ ಜೋಡಿಸುವ ತಿರುಗು ಕೊಂಡಿ, ಅಂದರೆ ಸ್ವಿವೆಲ್, ಕಪ್ಪು ಬಣ್ಣದ್ದೇ ಇರಲಿ. ಹಳದಿ ಹೊಳಪಿನದನ್ನು ಬ್ಲೂಫಿಶ್ ತಿಂಡಿ ಎಂದುಕೊಂಡು ಕಚ್ಚುತ್ತದೆ, ಅದರ ಹಿಂದೆಯೇ ಬ್ರೇಡ್ ಇರುತ್ತದೆ. ಲ್ಯೂರ್ ಹೋಗಿದೆ, ಲೀಡರ್ ಹೋಗಿದೆ, ದಾರದ ತುದಿ ನುಣ್ಣಗೆ ಕತ್ತರಿಸಿದೆ ಅಂದರೆ ಹತ್ತರಲ್ಲಿ ಒಂಬತ್ತು ಸಲ ಗಂಟಿನ ತಪ್ಪಲ್ಲ, ಈ ಸ್ವಿವೆಲ್‌ನದು. ಡ್ರ್ಯಾಗ್, ಅಂದರೆ ಮೀನು ಎಳೆದಾಗ ರೀಲ್ ದಾರ ಬಿಡುವ ಬಿಗಿ, ಸುಮಾರು 7 ಪೌಂಡ್, ಮೂರು ಕಿಲೋ ಚಿಲ್ಲರೆ. ಅದಕ್ಕಿಂತ ಬಿಗಿದರೆ ಮೊದಲ ಓಟದಲ್ಲೇ ಹುಕ್ ಬಾಯಿ ಹರಿದು ಬರುತ್ತದೆ.

ಬಾಳಿಕೆಯ ವಿಚಾರ. ಮರಳು ಉಜ್ಜಿ ಉಜ್ಜಿ ಅಂಚಿನ ಕ್ರೋಮ್ ಹೋಗಿ ಕೆಳಗಿನ ಹಿತ್ತಾಳೆ ಇಣುಕುತ್ತದೆ. ಮೀನಿಗೆ ಅದರ ಗೊಡವೆಯಿಲ್ಲ. ಹೊಳಪು ಬೇಕೇಬೇಕು ಅನ್ನುವವರು ದೀಪದ ಕಂಬ ತಿಕ್ಕುವ ಹಾಗೆ ಹುಣಸೆಹಣ್ಣು ಹಚ್ಚಿ ತೊಳೆಯಲಿ, ಬಣ್ಣ ಹೋದ ಜಾಗ ಬಂಗಾರದಂತಾಗುತ್ತದೆ. ಹಿತ್ತಾಳೆಗೆ ತುಕ್ಕಿಲ್ಲ. ತುಕ್ಕು ಹಿಡಿಯುವುದು ಹುಕ್‌ಗೆ, ಮತ್ತು ಒದ್ದೆಯಾಗಿಯೇ ಚೀಲಕ್ಕೆ ತುರುಕಿದರೆ ಒಂದು ಹುಕ್‌ನ ತುಕ್ಕು ಪಕ್ಕದ ಎಲ್ಲಕ್ಕೂ ಹತ್ತುತ್ತದೆ. ಮನೆಗೆ ಬಂದು ಸಿಹಿನೀರಲ್ಲಿ ತೊಳೆದು ಒಣಗಿಸಿದರೆ ಸೀಸನ್‌ಗೊಮ್ಮೆ ಹುಕ್, ರಿಂಗ್ ಬದಲಿಸಿದರೆ ಮುಗಿಯಿತು. ಮೈ ಹಾಳಾಗುವುದಿಲ್ಲ, ಕಳೆದುಹೋಗುತ್ತದೆ ಅಷ್ಟೆ.

ಕಳೆದುಹೋಗುವುದು ಎಲ್ಲಿ ಎಂದರೆ ಕಲ್ಲಿನ ಜೆಟ್ಟಿಗಳಲ್ಲಿ. ಎಳೆಯುವುದು ನಿಂತ ಕೂಡಲೇ ಮುಳುಗುವ ಈ ಲ್ಯೂರ್ ಬಂಡೆ ಸಂದಿಗೆ ಹೇಳಿ ಮಾಡಿಸಿದ ಬಲಿ. ಅಲ್ಲಿ ತೇಲುವ ಪಾಪರ್ ಬಳಸಿ. ಪಾಚಿ ತುಂಬಿದ ನೀರಲ್ಲೂ ಇದು ಬೇಡ. ನವೆಂಬರ್‌ನಲ್ಲಿ ಮೀನು ಸ್ಯಾಂಡ್ ಈಲ್ ಎಂಬ ಸಪೂರ ಮೀನುಗಳನ್ನು ತಿನ್ನುತ್ತಿದ್ದರೆ ಇದರ ಅಗಲವೇ ಅಡ್ಡಿ. ಪೆನ್ಸಿಲಿನಂತೆ ಸಪೂರವಾದ ಡೆಡ್ಲಿ ಡಿಕ್ ಅಥವಾ ರಬ್ಬರ್ ಟ್ಯೂಬ್ ಸಿಕ್ಕಿಸಿದ ಏವಾ ಜಿಗ್ ಎಂಬ ಲೋಹದ ಲ್ಯೂರ್‌ಗಳು ಆಗ ಮುಂದು. ಬೂತಾಯಿಯ ದೊಡ್ಡಣ್ಣನಂತಿರುವ ಬಂಕರ್ ಮೀನು ಗೇಣಿಗಿಂತ ಉದ್ದ ಬೆಳೆದು ದಡಕ್ಕೆ ಬಂದಿದ್ದರೆ ಗೇಟರ್‌ಗಳು ಈ ಪುಟ್ಟ ತುಂಡನ್ನು ಕಣ್ಣೆತ್ತಿಯೂ ನೋಡದಿರಬಹುದು. ಶರತ್ಕಾಲದ ಮರಿ ಬಂಕರ್ ಮತ್ತು ಮಲೆಟ್ ಹಿಂಡುಗಳಿದ್ದಾಗ ಮಾತ್ರ ಇದಕ್ಕೆ ಸಾಟಿಯಿಲ್ಲ. ಮೀನಿರುವ ಕಡೆ ಹಕ್ಕಿಗಳು ಎರಗುವುದು ಎಲ್ಲರಿಗೂ ಕಾಣುತ್ತದೆ. ಹಕ್ಕಿಯಿಲ್ಲದಾಗ ನೀರಿನ ಮೇಲೆ ಎಣ್ಣೆಯ ನುಣುಪು ಹರಡಿ, ಗಾಳಿಯಲ್ಲಿ ಆಗಷ್ಟೇ ಹೆಚ್ಚಿದ ಸೌತೆಕಾಯಿಯ ವಾಸನೆ ಬಂದರೆ ಅದರ ಕೆಳಗೆ ಎಸೆಯಿರಿ.

ಮೀನು ದಡಕ್ಕೆ ಬಂದ ಮೇಲೆ ಬೆರಳು ಬಾಯಿಯ ಹತ್ತಿರವೂ ಬೇಡ. ನೀರಿನ ಹೊರಗೂ ಇದು ನೋಡಿಯೇ ಕಚ್ಚುತ್ತದೆ. ತಲೆಯ ಹಿಂದೆ ಕುತ್ತಿಗೆ ಒತ್ತಿ ಹಿಡಿದು, ಉದ್ದ ಮೂತಿಯ ಇಕ್ಕಳದಿಂದ ಒಂಟಿ ಹುಕ್ ತಿರುಗಿಸಿದರೆ ಐದು ಸೆಕೆಂಡಿನ ಕೆಲಸ. ಟ್ರೆಬಲ್ ಬಿಟ್ಟದ್ದಕ್ಕೆ ಅರ್ಥ ಸಿಗುವುದು ಇಲ್ಲೇ. ತಿನ್ನಲು ಇಟ್ಟುಕೊಳ್ಳುವುದಾದರೆ ಕೂಡಲೇ ಕಿವಿರು ಕತ್ತರಿಸಿ ರಕ್ತ ಹರಿಸಿ, ಮಂಜುಗಡ್ಡೆಯ ನೀರಿಗೆ ಹಾಕಿ. ಬಂಗುಡೆಯಂತೆ ಎಣ್ಣೆಯ ಮೀನು, ಬಿಸಿಲಲ್ಲಿ ಬಿಟ್ಟರೆ ಹಿಸ್ಟಮಿನ್ ಹುಟ್ಟಿ ಮೈ ತುರಿಸುವ ವಿಷವಾಗುತ್ತದೆ. ಹೋಳಿನ ನಡುವಿನ ಕಡುಗೆಂಪು ಮಾಂಸ ತೆಗೆದು ಅಂದೇ ಪುಳಿಮುಂಚಿ ಮಾಡಿದರೆ ಹುಳಿ ಖಾರಕ್ಕೆ ಚೆನ್ನಾಗಿ ಹೊಂದುತ್ತದೆ. ಫ್ರೀಜರ್‌ನಲ್ಲಿಟ್ಟರೆ ಕಮಟು. ದೊಡ್ಡ ಬ್ಲೂಫಿಶ್‌ನಲ್ಲಿ ಪಿಸಿಬಿ ಎಂಬ ಕೈಗಾರಿಕಾ ವಿಷ ಸೇರಿರುವುದರಿಂದ ಮಿತವಾಗಿ ತಿನ್ನಿ ಎಂಬ ಸರ್ಕಾರಿ ಸೂಚನೆ ಇದೆ, ಬಸುರಿಯರು ಮತ್ತು ಮಕ್ಕಳಿಗೆ ಅದು ಇನ್ನೂ ಕಟ್ಟುನಿಟ್ಟು. ಚಿಕ್ಕ ಮೀನೇ ರುಚಿಯೂ ಹೌದು. 2020ರಲ್ಲಿ ದಡದಿಂದ ಹಿಡಿಯುವವರ ದಿನದ ಮಿತಿ 15ರಿಂದ 3ಕ್ಕೆ ಇಳಿಯಿತು. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮುನ್ನ ಆ ವರ್ಷದ್ದನ್ನು ನೋಡಿ. ನ್ಯೂಜೆರ್ಸಿಯಲ್ಲಿ ಕಡಲ ಗಾಳಕ್ಕೆ ಶುಲ್ಕವಿಲ್ಲ, ಆದರೆ ಪ್ರತಿ ವರ್ಷದ ಉಚಿತ ನೋಂದಣಿ ಕಡ್ಡಾಯ.

ಕೊಳ್ಳುವವರಿಗೆ: 2 ಔನ್ಸಿನವು ಮೂರು, 1 ಔನ್ಸಿನವು ಎರಡು, ಎಲ್ಲವೂ ಕೂದಲು ಕಟ್ಟದ ಸಾದಾ ಟ್ರೆಬಲ್‌ನವು. ಅಗ್ಗದ ನಕಲುಗಳು ಸಿಗುತ್ತವೆ, ಅಂಚು ದುಂಡಗಿದ್ದು ಅಚ್ಚಿನ ಗೆರೆ ಕಂಡರೆ ಬಿಟ್ಟುಬಿಡಿ. ತೂಕ ಹಗುರ, ತೂಗಾಟ ಸೊಟ್ಟ. ಬಿಚ್ಚಿದ ಟ್ರೆಬಲ್‌ಗಳನ್ನು ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಪಾಪರ್‌ನ ತುಕ್ಕು ಹಿಡಿದ ಹೊಟ್ಟೆಯ ಹುಕ್ ಬದಲಿಸಲು ಆಗುತ್ತವೆ.