ಸುಪ್ರೀಂ ಕಮಾಂಡರ್ ಫೋರ್ಜ್ಡ್ ಅಲೈಯನ್ಸ್: ಹದಿನೈದು ವರ್ಷ ಆಡಿದವನ ಮಾತು

ಮೌಸ್‌ನ ಚಕ್ರವನ್ನು ಹಿಂದಕ್ಕೆ ತಿರುಗಿಸುತ್ತಾ ಹೋದರೆ, ಈಗಷ್ಟೇ ಪರದೆ ತುಂಬಿದ್ದ ಟ್ಯಾಂಕು ಇರುವೆಯಷ್ಟಾಗುತ್ತದೆ, ಆಮೇಲೆ ಒಂದು ಪುಟ್ಟ ಚಿಹ್ನೆಯಾಗುತ್ತದೆ. ಅದರ ಸುತ್ತಲಿನ ಗುಡ್ಡ, ಗುಡ್ಡದಾಚೆಯ ಕಡಲು, ಕಡಲಾಚೆಯ ಶತ್ರುವಿನ ನೆಲೆ ಎಲ್ಲವೂ ಒಂದೇ ನಕ್ಷೆಯಾಗಿ ಹರಡಿಕೊಳ್ಳುತ್ತವೆ. ಈಗ ಬಾಣದ ಗುರುತನ್ನು ಕಡಲಿನ ಯಾವುದೋ ಮೂಲೆಯ ಮೇಲಿಟ್ಟು ಚಕ್ರವನ್ನು ಮುಂದಕ್ಕೆ ತಿರುಗಿಸಿ; ಅಲ್ಲಿರುವ ಹಡಗಿನ ಫಿರಂಗಿ ಹೊರಳುವುದು ಕಾಣುವಷ್ಟು ಹತ್ತಿರಕ್ಕೆ ಇಳಿದುಬಿಡುತ್ತೀರಿ. 2010ರಲ್ಲಿ ಇದನ್ನು ಮೊದಲ ಸಲ ಮಾಡಿದಾಗ ನಾನು ಆಟವನ್ನೇ ಮರೆತು ಅರ್ಧ ಗಂಟೆ ಬರೀ ಮೇಲೆ ಕೆಳಗೆ ಹೋಗಿ ಬರುತ್ತಿದ್ದೆ. ಅಂದಿನಿಂದ ಬೇರೆ ಯಾವ ರಣತಂತ್ರದ ಆಟವನ್ನು ತೆರೆದರೂ ನನ್ನ ಬೆರಳು ತಾನಾಗಿ ಚಕ್ರವನ್ನು ಹಿಂದಕ್ಕೆ ಎಳೆಯುತ್ತದೆ. ಅಲ್ಲಿ ಸ್ವಲ್ಪ ದೂರಕ್ಕೇ ಗೋಡೆ ಸಿಕ್ಕಿದಂತಾಗಿ ನಿಲ್ಲುತ್ತದೆ. ಆಗ ಉಸಿರು ಕಟ್ಟಿದ ಹಾಗೆ ಅನ್ನಿಸುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸುಪ್ರೀಂ ಕಮಾಂಡರ್ ಎಂಬ ಈ ರಣತಂತ್ರದ ಕಂಪ್ಯೂಟರ್ ಆಟ 2007ರ ಫೆಬ್ರವರಿಯಲ್ಲಿ ಬಂತು. ಮಾಡಿದ್ದು ಗ್ಯಾಸ್ ಪವರ್ಡ್ ಗೇಮ್ಸ್, ಮುಖ್ಯ ವಿನ್ಯಾಸಕಾರ ಕ್ರಿಸ್ ಟೇಲರ್. 1997ರ ಟೋಟಲ್ ಅನಿಹಿಲೇಷನ್ ಆಟ ಕೂಡ ಅವರ ಕೈಯದೇ. 2007ರ ನವೆಂಬರ್‌ನಲ್ಲಿ ಅದರ ಮುಂದುವರಿದ ಭಾಗವಾಗಿ ಫೋರ್ಜ್ಡ್ ಅಲೈಯನ್ಸ್ ಬಂತು. ಇದು ಮೂಲ ಆಟವಿಲ್ಲದೆಯೂ ನಡೆಯುತ್ತದೆ, ಇಂದಿಗೂ ಜನ ಆಡುತ್ತಿರುವುದು ಇದನ್ನೇ. ಸಾವಿರ ವರ್ಷದಿಂದ ಮುಗಿಯದ ಯುದ್ಧದಲ್ಲಿ ಯುಇಎಫ್, ಸೈಬ್ರಾನ್, ಏಯಾನ್ ಎಂಬ ಮೂರು ಪಡೆಗಳು. ಈ ಭಾಗದಲ್ಲಿ ಸೆರಾಫಿಮ್ ಎಂಬ ಅನ್ಯಲೋಕದವರು ನಾಲ್ಕನೆಯವರಾಗಿ ಸೇರುತ್ತಾರೆ. ನೀವು ಒಂದು ದೈತ್ಯ ಯಂತ್ರಕವಚದೊಳಗೆ ಕುಳಿತ ಕಮಾಂಡರ್. ಆ ಯಂತ್ರವೇ ನಿಮ್ಮ ಮೊದಲ ಕಟ್ಟುಗಾರ, ಮೊದಲ ಯೋಧ, ನಿಮ್ಮ ಜೀವ. ಅದು ಸತ್ತರೆ ಅಣುಬಾಂಬಿನಂತೆ ಸಿಡಿದು ಸುತ್ತಲಿದ್ದವರನ್ನೂ ಎಳೆದುಕೊಂಡು ಹೋಗುತ್ತದೆ.

ಕಥೆ ಅಷ್ಟು ಸಾಕು. ನನ್ನನ್ನು ಇಷ್ಟು ವರ್ಷ ಹಿಡಿದಿಟ್ಟಿದ್ದು ಕಥೆಯಲ್ಲ, ಟ್ಯಾಂಕುಗಳೂ ಅಲ್ಲ. ಈ ಆಟದ ಲೆಕ್ಕ.

ಸ್ಟಾರ್‌ಕ್ರಾಫ್ಟ್‌ನಂಥ ಆಟದಲ್ಲಿ ಒಂದು ಸೈನಿಕನನ್ನು ಕೊಳ್ಳಬೇಕೆಂದರೆ ಪೂರ್ತಿ ಬೆಲೆ ಕೈಯಲ್ಲಿರಬೇಕು. ಒತ್ತಿದ ಕೂಡಲೇ ದುಡ್ಡು ಕಡಿತವಾಗುತ್ತದೆ. ಇಲ್ಲಿ ಹಾಗಲ್ಲ. ಮಾಸ್ (ಕಟ್ಟುವ ಸಾಮಗ್ರಿ) ಮತ್ತು ಎನರ್ಜಿ (ಶಕ್ತಿ) ಎಂಬ ಎರಡು ತೊಟ್ಟಿಗಳಿವೆ. ಎರಡಕ್ಕೂ ಒಂದು ಕಡೆಯಿಂದ ಹರಿದು ಬರುತ್ತದೆ, ಇನ್ನೊಂದು ಕಡೆಯಿಂದ ಹರಿದು ಹೋಗುತ್ತದೆ. ಕಟ್ಟಡವೊಂದನ್ನು ಕಟ್ಟುತ್ತಿರುವಷ್ಟು ಹೊತ್ತೂ ಅದರ ಬೆಲೆ ತೊಟ್ಟಿಕ್ಕುತ್ತಾ ಹೋಗುತ್ತಿರುತ್ತದೆ. ಕೈಯಲ್ಲಿ ಏನೂ ಇಲ್ಲದಿದ್ದರೂ ನೀವು ದೊಡ್ಡದಕ್ಕೆ ಕೈಹಾಕಬಹುದು, ಯಾರೂ ತಡೆಯುವುದಿಲ್ಲ. ಆದರೆ ತೊಟ್ಟಿ ಬತ್ತಿದ ಕ್ಷಣದಿಂದ ಎಲ್ಲ ಕೆಲಸವೂ ಒಟ್ಟಿಗೆ ನಿಧಾನವಾಗುತ್ತದೆ. ಎನರ್ಜಿ ಬತ್ತಿದರಂತೂ ರೇಡಾರ್ ಕುರುಡಾಗುತ್ತದೆ, ರಕ್ಷಣಾ ಗುಮ್ಮಟಗಳು ಒಂದೊಂದಾಗಿ ಆರಿಹೋಗುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಮಾತು ಇಲ್ಲಿ ಅರ್ಧ ಮಾತ್ರ ಸಾಕಾಗುತ್ತದೆ. ಹಾಸಿಗೆ ಉದ್ದವಾಗಿದ್ದೂ ಕಾಲು ಮಡಚಿಕೊಂಡು ಮಲಗಿದರೆ ತೊಟ್ಟಿ ತುಂಬಿ ಹೊರಚೆಲ್ಲುತ್ತದೆ, ಚೆಲ್ಲಿದ್ದೆಲ್ಲ ನಷ್ಟ.

ಅಂಕಿಗಳನ್ನು ನೋಡಿ. ಕಮಾಂಡರ್ ತಾನೇ ಸೆಕೆಂಡಿಗೆ 1 ಮಾಸ್ ಮತ್ತು 20 ಎನರ್ಜಿ ಹುಟ್ಟಿಸುತ್ತಾನೆ. ಮಾಸ್ ತೆಗೆಯುವ ಮೊದಲ ಹಂತದ ಗಣಿಗೆ 36 ಮಾಸ್ ಬೇಕು. ಅದು ಸೆಕೆಂಡಿಗೆ 2 ಕೊಡುತ್ತದೆ. ಅಂದರೆ ಕಟ್ಟಿದ 18 ಸೆಕೆಂಡಿನಲ್ಲಿ ಹಾಕಿದ್ದು ವಾಪಸು. ಅದನ್ನು ಎರಡನೆಯ ಹಂತಕ್ಕೆ ಏರಿಸಿದರೆ 6 ಸಿಗುತ್ತದೆ, ಆದರೆ ಅದಕ್ಕೆ 900 ಮಾಸ್ ಸುರಿಯಬೇಕು. ಹೆಚ್ಚುವರಿ 4ರ ಲೆಕ್ಕದಲ್ಲಿ ಅದು ಮರಳಲು ಸುಮಾರು ನಾಲ್ಕು ನಿಮಿಷ. ಆ ನಾಲ್ಕು ನಿಮಿಷ ನಿಮ್ಮ ಬಾಗಿಲಿಗೆ ಯಾರೂ ಬರುವುದಿಲ್ಲವೆಂದು ನಿಮಗೆ ಹೇಗೆ ಗೊತ್ತು? ಗೊತ್ತಾಗಬೇಕೆಂದರೆ ಬೇಹುಗಾರ ವಿಮಾನ ಕಳುಹಿಸಬೇಕು. ವಿಮಾನಕ್ಕೆ ಎನರ್ಜಿ ಬೇಕು. ಎನರ್ಜಿಗೆ ಸ್ಥಾವರ ಬೇಕು, ಸ್ಥಾವರಕ್ಕೆ ಮತ್ತೆ ಮಾಸ್ ಬೇಕು. ಈ ಸರಪಳಿಯ ಒಂದು ಕೊಂಡಿ ಎಳೆದರೂ ಇನ್ನೊಂದು ತುದಿ ಅಲುಗಾಡುತ್ತದೆ. ಇದು ಅರ್ಥವಾದ ದಿನ ಆಟ ಶುರುವಾಗುತ್ತದೆ. ಅದಕ್ಕೂ ಮೊದಲಿನದು ಬರೀ ಕಟ್ಟಡ ಕಟ್ಟುವ ಕೆಲಸ. ನನಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು.

ಒಂದು ಪಂದ್ಯ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸೆಟನ್ಸ್ ಕ್ಲಚ್ ಮ್ಯಾಪ್, ನಾಲ್ವರ ಎದುರು ನಾಲ್ವರು. ನಾನು ಮಧ್ಯದ ನೆಲದಾರಿ ಕಾಯುವ ಜಾಗದಲ್ಲಿದ್ದೆ, ಏಯಾನ್ ಪಡೆ. ಇಪ್ಪತ್ತೈದನೆಯ ನಿಮಿಷದ ಹೊತ್ತಿಗೆ ಗ್ಯಾಲಕ್ಟಿಕ್ ಕೊಲೋಸಸ್ ಕಟ್ಟಲು ಕೈಹಾಕಿದ್ದೆ. ಎರಡು ಕಾಲಿನ ಆ ಬೆಟ್ಟದಂಥ ಯಂತ್ರ ಅರ್ಧ ಎದ್ದು ನಿಂತಿತ್ತು, ಮಾಸ್ ತೊಟ್ಟಿ ತಳ ಕಂಡಿತ್ತು. ರೇಡಾರ್‌ನಲ್ಲಿ ಎದುರುಗಡೆ ಏನೂ ಇಲ್ಲ. ಆ ಖಾಲಿತನವೇ ಯಾಕೋ ಸರಿಯೆನಿಸಲಿಲ್ಲ. ಒಂದು ಬೇಹುಗಾರ ವಿಮಾನವನ್ನು ಹಾಗೇ ಹಾಯಿಸಿದೆ. ಅದು ಹೊಡೆದುರುಳುವ ಮುನ್ನ ಎರಡು ಸೆಕೆಂಡು ತೋರಿಸಿದ್ದು ಸೈಬ್ರಾನ್‌ನ ಮಂಕಿಲಾರ್ಡ್: ರೇಡಾರ್ ಕಣ್ಣಿಗೆ ಬೀಳದ, ಆರು ಕಾಲಿನ ಲೇಸರ್ ಜೇಡ, ನನ್ನತ್ತಲೇ ಬರುತ್ತಿತ್ತು. ಕೊಲೋಸಸ್ ಕೆಲಸ ನಿಲ್ಲಿಸಿದೆ. ಹಿಂದಿನ ಸಾಲಿನ ಜೊತೆಗಾರನಿಗೆ ಮ್ಯಾಪ್ ಮೇಲೆ ಗುರುತು ಹಾಕಿ ತೋರಿಸಿದೆ. ಅವನು ಮರುಮಾತಿಲ್ಲದೆ ತನ್ನ ಬಾಂಬರ್‌ಗಳನ್ನೆಲ್ಲ ಕಳುಹಿಸಿದ. ಜೇಡ ನನ್ನ ಮುಂದಿನ ಸಾಲಿನ ಫಿರಂಗಿಗಳನ್ನು ಗೀರಿ ಸುಡುತ್ತಾ ಬಂದು, ಕಾರ್ಖಾನೆಗೆ ಇನ್ನು ನೂರು ಹೆಜ್ಜೆ ಇದೆ ಎನ್ನುವಾಗ ಕುಸಿಯಿತು.

ಈ ಆಟದ ಸೊಗಸು ಇರುವುದು ಅದರ ಮುಂದಿನ ಕ್ಷಣದಲ್ಲಿ. ಸತ್ತ ಯಂತ್ರದ ಅವಶೇಷ ನೆಲದ ಮೇಲೆಯೇ ಉಳಿಯುತ್ತದೆ, ಅದರ ಮಾಸ್‌ನ ಬಹುಭಾಗವನ್ನು ಇಂಜಿನಿಯರ್‌ಗಳು, ಅಂದರೆ ಕಟ್ಟುವ ಕೆಲಸದ ಯಂತ್ರಗಳು, ಹೀರಿಕೊಳ್ಳಬಹುದು. ಸಾವಿರಾರು ಮಾಸ್‌ನ ರಾಶಿ ನನ್ನ ಬಾಗಿಲಲ್ಲಿ ಬಿದ್ದಿತ್ತು. ಕೊಲೋಸಸ್ ಬಳಿಯಿದ್ದ ಅಷ್ಟೂ ಇಂಜಿನಿಯರ್‌ಗಳನ್ನು ಅದರ ಮೇಲೆ ಬಿಟ್ಟೆ. ಹಸಿರು ಎಳೆಗಳು ಅವಶೇಷದಿಂದ ಎದ್ದವು, ತೊಟ್ಟಿ ಉಕ್ಕಿತು. ಎರಡು ನಿಮಿಷದಲ್ಲಿ ಕೊಲೋಸಸ್ ಎದ್ದು ನಡೆಯತೊಡಗಿತು, ಶತ್ರುವಿನ ಜೇಡದ ಮೈಯನ್ನೇ ಉಂಡು. ಸೋತ ದಾಳಿ ಎದುರಾಳಿಗೆ ಉಡುಗೊರೆಯಾಗುತ್ತದೆ ಎನ್ನುವ ಈ ಒಂದು ನಿಯಮ ಇಡೀ ಯುದ್ಧದ ಸ್ವಭಾವವನ್ನೇ ಬದಲಿಸುತ್ತದೆ. ಎಲ್ಲಿ ಹೋರಾಡುತ್ತೀರಿ ಎನ್ನುವುದು ಎಷ್ಟು ಸೈನ್ಯವಿದೆ ಎನ್ನುವಷ್ಟೇ ಮುಖ್ಯ.

ನನ್ನ ಸೋದರಮಾವನ ಮಗ ಇದನ್ನು ಒಪ್ಪುವುದಿಲ್ಲ. ಅವನು ಸ್ಟಾರ್‌ಕ್ರಾಫ್ಟ್ 2 ಆಡುವವನು, ಬೆರಳು ಕೀಲಿಮಣೆಯ ಮೇಲೆ ಮಳೆಯ ಹಾಗೆ ಬೀಳುತ್ತದೆ. "ಭಾವ, ನಿಮ್ಮ ಆಟದಲ್ಲಿ ಮೊದಲ ಹತ್ತು ನಿಮಿಷ ಏನೂ ಆಗುವುದಿಲ್ಲ. ಅಷ್ಟರಲ್ಲಿ ನನ್ನದು ಒಂದು ಪಂದ್ಯ ಮುಗಿದಿರುತ್ತದೆ" ಎನ್ನುತ್ತಾನೆ. ದೊಡ್ಡ ಮ್ಯಾಪ್‌ಗಳ ಮಟ್ಟಿಗೆ ಅವನ ಮಾತು ನಿಜ. ನಲವತ್ತು ನಿಮಿಷ ಕುಳಿತು ಕೊನೆಗೆ ಒಂದು ಅಣುಕ್ಷಿಪಣಿಗೆ ಸೋಲುವುದು ಎಲ್ಲರಿಗೂ ಹಿಡಿಸುವುದಿಲ್ಲ. ನನ್ನ ಜೊತೆ ಶುರುಮಾಡಿದ ಇಬ್ಬರು ಗೆಳೆಯರು ಅದೇ ಕಾರಣಕ್ಕೆ ಬಿಟ್ಟರು. ಆದರೆ ಚಿಕ್ಕ ಮ್ಯಾಪ್‌ನಲ್ಲಿ ಒಬ್ಬರೆದುರು ಒಬ್ಬರು ಆಡಿ ನೋಡಿ. ಮೂರನೆಯ ನಿಮಿಷಕ್ಕೆ ಹಗುರ ಟ್ಯಾಂಕುಗಳು ನಿಮ್ಮ ಇಂಜಿನಿಯರ್‌ಗಳನ್ನು ಬೇಟೆಯಾಡುತ್ತಿರುತ್ತವೆ.

ಬೆರಳಿನ ವೇಗದ ವಿಷಯದಲ್ಲಂತೂ ನಾನು ಈ ಆಟದ ಪರವೇ. ನನಗೀಗ ನಲವತ್ತು ದಾಟಿದೆ, ಹಿಂದಿನ ಚುರುಕು ಇಲ್ಲ. ಇಲ್ಲಿ ಶಿಫ್ಟ್ ಒತ್ತಿ ಹಿಡಿದು ಒಂದು ಇಂಜಿನಿಯರ್‌ಗೆ ಹದಿನೈದು ಕೆಲಸ ಸಾಲಾಗಿ ಒಪ್ಪಿಸಬಹುದು. ಅಷ್ಟೇ ಅಲ್ಲ, ಕೊಟ್ಟ ಆಜ್ಞೆಯ ಗುರುತನ್ನು ಹಿಡಿದು ಬೇರೆ ಕಡೆಗೆ ಎಳೆದು ಬಿಟ್ಟರೆ ದಾರಿಯೇ ಬದಲಾಗುತ್ತದೆ. ಸಾಗಣೆ ವಿಮಾನಗಳಿಗೆ ಒಂದು ಸಲ ದಾರಿ ತೋರಿಸಿದರೆ ಅವು ದೋಣಿಯವರ ಹಾಗೆ ಟ್ಯಾಂಕುಗಳನ್ನು ಹತ್ತಿಸಿಕೊಂಡು ಇಳಿಸಿ ಬರುತ್ತಲೇ ಇರುತ್ತವೆ. ಯೋಚಿಸಿದ್ದನ್ನು ಹೇಳಿಬಿಟ್ಟರೆ ಸಾಕು, ಆಟ ಅದನ್ನು ನೆನಪಿಟ್ಟುಕೊಂಡು ಮಾಡುತ್ತದೆ. ಬುದ್ಧಿಗೆ ಇಷ್ಟು ಮರ್ಯಾದೆ ಕೊಡುವ ಇನ್ನೊಂದು ಯುದ್ಧದ ಆಟ ನನ್ನ ಕೈಗೆ ಸಿಕ್ಕಿಲ್ಲ.

ಪಡೆಗಳ ನಡುವೆ ಮೊದಲ ನೋಟಕ್ಕೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ ಎನ್ನುವ ದೂರು ಹಳೆಯದು. ಆಡುತ್ತಾ ಹೋದಂತೆ ಒಂದೊಂದೇ ಬಿಚ್ಚಿಕೊಳ್ಳುತ್ತದೆ. ಏಯಾನ್‌ನ ಹಗುರ ಟ್ಯಾಂಕು ನೀರಿನ ಮೇಲೆ ತೇಲಿ ಹೋಗುತ್ತದೆ. ಯುಇಎಫ್‌ನ ಫ್ಯಾಟ್‌ಬಾಯ್ ಟ್ಯಾಂಕುಗಳನ್ನು ಹೆರುವ ಸಂಚಾರಿ ಕಾರ್ಖಾನೆ. ಸೈಬ್ರಾನ್‌ನ ಸೇಲಂ ಎಂಬ ಯುದ್ಧನೌಕೆ ದಡ ಮುಟ್ಟಿದ ಮೇಲೆ ಕಾಲು ಚಾಚಿ ನೆಲದ ಮೇಲೆ ನಡೆದು ಬರುತ್ತದೆ. ಅದನ್ನು ಮೊದಲ ಸಲ ನೋಡಿದ ಯಾರೂ ಮರೆತಿದ್ದು ನನಗೆ ಗೊತ್ತಿಲ್ಲ.

ಈಗ ನೋವಿನ ಭಾಗ. ಈ ಆಟದ ಲೆಕ್ಕಾಚಾರದ ಬಹುಪಾಲು ಪ್ರೊಸೆಸರ್‌ನ ಒಂದೇ ಕೋರ್ ಮೇಲೆ ಬೀಳುತ್ತದೆ. ನಿಮ್ಮ ಗಣಕದಲ್ಲಿ ಎಂಟು ಕೋರ್ ಇದ್ದರೂ ಅದಕ್ಕೆ ಹೆಚ್ಚೇನೂ ಪ್ರಯೋಜನವಿಲ್ಲ. ಸಾವಿರಾರು ಯೂನಿಟ್‌ಗಳು ಸೇರಿದ ಮೇಲೆ ಆಟ ಜೇನಿನೊಳಗೆ ನಡೆದಂತೆ ನಡೆಯುತ್ತದೆ. ಜಾಲದಲ್ಲಿ ಆಡುವಾಗ ಎಲ್ಲರ ಗಣಕವೂ ಹೆಜ್ಜೆಗೆ ಹೆಜ್ಜೆ ಸೇರಿಸಿ ಸಾಗಬೇಕು. ಒಬ್ಬನದು ಕುಂಟಿದರೆ ಎಂಟೂ ಜನ ಕುಂಟಬೇಕು. ಕೆಲವು ವರ್ಷ ಆ ಒಬ್ಬ ನಾನೇ ಆಗಿದ್ದೆ. ಪಂದ್ಯಕ್ಕೆ ಮುಂಚಿನ ಕೋಣೆಯಲ್ಲಿ ಪ್ರತಿಯೊಬ್ಬರ ಹೆಸರಿನ ಪಕ್ಕ ಪ್ರೊಸೆಸರ್ ಅಂಕ ಕಾಣಿಸುತ್ತದೆ. ನನ್ನದು ಕಂಡ ಕೂಡಲೇ ಆತಿಥೇಯರು ಏನೂ ಹೇಳದೆ ಹೊರಗೆ ಹಾಕಿದ ರಾತ್ರಿಗಳಿವೆ. ಅವರದು ತಪ್ಪಲ್ಲ, ಆದರೂ ಮನಸ್ಸಿಗೆ ನಾಟುತ್ತಿತ್ತು. ಹೊಸ ಪ್ರೊಸೆಸರ್ ಕೊಂಡಿದ್ದು ಕಚೇರಿ ಕೆಲಸಕ್ಕೆಂದು ಮನೆಯಲ್ಲಿ ಹೇಳಿದ್ದೆ. ನಿಜವಾದ ಕಾರಣ ಇದು. ಜೊತೆಗೆ ಒಂದು ಯುಪಿಎಸ್ ಕೂಡ ಕೊಂಡೆ. ಮಳೆಗಾಲದಲ್ಲಿ ಕರೆಂಟು ಹೋಗಿ ತಂಡವನ್ನು ನಡುನೀರಿನಲ್ಲಿ ಕೈಬಿಡುವುದು ನನ್ನಿಂದ ಸಹಿಸಲಾಗುತ್ತಿರಲಿಲ್ಲ.

ದಾರಿ ಹುಡುಕುವುದರಲ್ಲಿಯೂ ಯೂನಿಟ್‌ಗಳು ದಡ್ಡತನ ತೋರುತ್ತವೆ. ಕಿರಿದಾದ ಕಣಿವೆಯಲ್ಲಿ ಐವತ್ತು ಟ್ಯಾಂಕುಗಳು ಸಂತೆಯ ದಿನದ ಎತ್ತಿನಗಾಡಿಗಳ ಹಾಗೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಒಬ್ಬರೇ ಆಡುವ ಕಥಾಭಾಗದಲ್ಲಿ ಆರೇ ಕಾರ್ಯಾಚರಣೆಗಳು. ಒಂದು ಗುರಿ ಮುಗಿದೊಡನೆ ಮ್ಯಾಪ್ ದೊಡ್ಡದಾಗಿ ಹೊಸ ಶತ್ರು ತೆರೆದುಕೊಳ್ಳುವುದು ಚೆನ್ನಾಗಿದೆ, ಎರಡನೆಯ ಸಲ ಆಡುವ ಆಸೆ ಮಾತ್ರ ಹುಟ್ಟುವುದಿಲ್ಲ.

2010ರಲ್ಲಿ ಬಂದ ಸುಪ್ರೀಂ ಕಮಾಂಡರ್ 2 ಬಗ್ಗೆ ಕೇಳುವವರಿಗೆ: ಅದು ಸರಾಗವಾಗಿ ಓಡುತ್ತದೆ, ಕಲಿಯಲು ಸುಲಭ. ಆದರೆ ಅಲ್ಲಿ ಹರಿವಿನ ಲೆಕ್ಕವನ್ನು ತೆಗೆದು ಮುಂಗಡ ಬೆಲೆಯ ಲೆಕ್ಕ ತಂದರು. ನಾನು ಮೇಲೆ ಬರೆದ ಅಷ್ಟೂ ಸೊಗಸು ಅದರೊಂದಿಗೇ ಹೋಯಿತು. ನಾನು ಎರಡು ವಾರ ಆಡಿ ಹಿಂದಿರುಗಿದೆ.

ಇಷ್ಟು ಹಳೆಯ ಆಟ ಇಂದಿಗೂ ಉಸಿರಾಡುತ್ತಿರುವುದು ಆಟಗಾರರ ಪುಣ್ಯದಿಂದ. ಮೂಲ ಜಾಲಸೇವೆ ನಿಂತುಹೋದ ಮೇಲೆ ಫೋರ್ಜ್ಡ್ ಅಲೈಯನ್ಸ್ ಫಾರೆವರ್ ಎಂಬ ವ್ಯವಸ್ಥೆಯನ್ನು ಅವರೇ ಕಟ್ಟಿದರು. ಎಲ್ಲರೂ ಅದನ್ನು ಫಾಫ್ ಎನ್ನುತ್ತಾರೆ. ಸಂಬಳವಿಲ್ಲದೆ ಕೆಲಸ ಮಾಡುವವರು ದೋಷಗಳನ್ನು ತಿದ್ದುತ್ತಾರೆ, ಪಡೆಗಳ ತೂಕ ಸರಿಹೊಂದಿಸುತ್ತಾರೆ, ಹೊಸ ಮ್ಯಾಪ್ ಮಾಡುತ್ತಾರೆ, ಮೂಲ ಆಟದ್ದಕ್ಕಿಂತ ಎಷ್ಟೋ ಚುರುಕಾದ ಕಂಪ್ಯೂಟರ್ ಎದುರಾಳಿಗಳನ್ನು ಬರೆದಿದ್ದಾರೆ. ಆಟ ನಿಧಾನವಾಗುವ ತೊಂದರೆಯೂ ಅವರ ತಿದ್ದುಪಡಿಗಳಿಂದ ಬಹಳ ಕಡಿಮೆಯಾಗಿದೆ. ಅದಕ್ಕೆ ಶುಲ್ಕವಿಲ್ಲ, ಸ್ಟೀಮ್ ಅಥವಾ ಜಿಒಜಿ ಎಂಬ ಜಾಲಮಳಿಗೆಯಲ್ಲಿ ಕೊಂಡ ಆಟದ ಪ್ರತಿ ನಿಮ್ಮಲ್ಲಿದ್ದರೆ ಸಾಕು. ಆಡುವವರಲ್ಲಿ ಹೆಚ್ಚಿನವರು ಯುರೋಪಿನವರಾದ್ದರಿಂದ ನಮ್ಮಲ್ಲಿ ರಾತ್ರಿ ಹತ್ತರ ನಂತರವೇ ಕೋಣೆಗಳು ತುಂಬುತ್ತವೆ. ಮರುದಿನ ಬೆಳಿಗ್ಗೆ ಕಣ್ಣು ಉರಿಯುತ್ತದೆ, ಅದೂ ನಿಜ.

ಕೊಳ್ಳುವವರು ಮೂಲ ಆಟವನ್ನು ಬಿಟ್ಟು ಫೋರ್ಜ್ಡ್ ಅಲೈಯನ್ಸ್ ಒಂದನ್ನೇ ಕೊಳ್ಳಿ. ರಿಯಾಯಿತಿಯ ದಿನಗಳಲ್ಲಿ ತೀರಾ ಅಗ್ಗಕ್ಕೆ ಸಿಗುತ್ತದೆ. ಮೊದಲ ವಾರ ಯಾರ ಮೇಲೂ ದಾಳಿ ಮಾಡಬೇಡಿ. ಖಾಲಿ ಮ್ಯಾಪ್‌ನಲ್ಲಿ ಕುಳಿತು ಹತ್ತು ನಿಮಿಷ ಎರಡೂ ತೊಟ್ಟಿಗಳು ಬತ್ತದ ಹಾಗೆ, ಉಕ್ಕದ ಹಾಗೆ ನಡೆಸಿಕೊಂಡು ಹೋಗುವುದನ್ನು ಮಾತ್ರ ಅಭ್ಯಾಸ ಮಾಡಿ. ಗಣಿಯ ನಾಲ್ಕು ಪಕ್ಕದಲ್ಲಿ ನಾಲ್ಕು ಮಾಸ್ ಉಗ್ರಾಣ ಕಟ್ಟಿದರೆ ಅದರ ಉತ್ಪತ್ತಿ ಅರ್ಧದಷ್ಟು ಹೆಚ್ಚುತ್ತದೆ ಎನ್ನುವುದು ನೆನಪಿರಲಿ. ನನಗೆ ಇದನ್ನು ಹೇಳಿಕೊಡುವವರು ಇರಲಿಲ್ಲ. ಆಮೇಲೆ ಫಾಫ್‌ಗೆ ಬನ್ನಿ. ಶನಿವಾರ ರಾತ್ರಿ ಹತ್ತೂವರೆಯ ಹೊತ್ತಿಗೆ ಸೆಟನ್ಸ್‌ನ ಮಧ್ಯದ ಜಾಗದಲ್ಲಿ ಏಯಾನ್ ಪಡೆಯೊಂದಿಗೆ ನಾನಿರುತ್ತೇನೆ.